ಸ್ಟೀಲ್ ಗಿಟಾರ್, ಕೀಬೋರ್ಡ್ ಮತ್ತು ದೇವಾಲಯದ ವಾದಕ

(ಶತಮಾನೋತ್ಸವದ ಅಂಗವಾಗಿ ಸೇರಿದ್ದ ಗಾನವೃಂದಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಿರಿಯರು ಕಟ್ಟಿದ ಗೋಡೆಗಳನ್ನೂ ಏರಿಸಿದ ಗಂಟೆಯನ್ನೂ ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ. ಗೋಡೆಗೆ ದಾಖಲೆಯುಂಟು, ಲೆಕ್ಕದ ಪುಸ್ತಕವುಂಟು. ಆದರೆ ಈ ಗೋಡೆಗಳ ನಡುವೆ ನೂರು ವರ್ಷ ಕೇಳಿಬಂದ ಹಾಡಿಗೆ ಲೆಕ್ಕವಿಟ್ಟವರಾರು? ಹಾಡು ಹಾಡಿದವರ ಕೊರಳಿನಿಂದ ಕೇಳಿದವರ ಕಿವಿಗೆ, ಅಲ್ಲಿಂದ ಅವರ ಮಕ್ಕಳ ಕೊರಳಿಗೆ ದಾಟಿ ಉಳಿದುಬಂದಿದೆ. ಆ ದಾರಿ ಒಮ್ಮೆ ಕಡಿದುಹೋದರೆ ಯಾವ ದಾಖಲೆಯೂ ಅದನ್ನು ಮರಳಿ ತಂದುಕೊಡಲಾರದು.

ಇಂಥ ಉತ್ಸವಗಳ ಕಾಲದಲ್ಲಿ ದೇವಾಲಯಕ್ಕೆ ಹೊಸ ವಾದ್ಯವೊಂದನ್ನು ಕೊಡಿಸಬೇಕೆಂಬ ಮಾತು ಏಳುವುದು ಸಹಜ. ಸದುದ್ದೇಶದ ಮಾತೇ ಅದು. ಆದರೂ ವಾದ್ಯ ಮುಖ್ಯವೋ ವಾದಕ ಮುಖ್ಯನೋ ಎಂಬುದನ್ನು ಮೊದಲು ವಿಚಾರ ಮಾಡುವುದು ಒಳಿತು. ಅದಕ್ಕೆ ನೆರವಾಗಲೆಂದು ಸ್ಟೀಲ್ ಗಿಟಾರ್ ಮತ್ತು ಕೀಬೋರ್ಡ್ ಎರಡನ್ನೂ ನುಡಿಸುವ ವಾದಕರ ವಿಷಯವನ್ನು ಆರಿಸಿಕೊಂಡಿದ್ದೇನೆ. ಮೇಲುನೋಟಕ್ಕೆ ಇದು ದೂರದ ವಿಷಯವೆಂದು ತೋರಬಹುದು. ತಾವು ಸ್ವಲ್ಪ ತಾಳ್ಮೆಯಿಂದ ಕೇಳಿದರೆ ಅದು ನಮ್ಮ ಬಲಿಪೀಠದ ಸಮೀಪಕ್ಕೇ ಬಂದು ನಿಲ್ಲುವುದು.

ಮೊದಲು ಸ್ಟೀಲ್ ಗಿಟಾರಿನ ಪರಿಚಯ. ನಮ್ಮ ದೇಶದಲ್ಲಿ ಇದನ್ನು ಹವಾಯಿಯನ್ ಗಿಟಾರ್ ಎಂದು ಕರೆಯುವ ರೂಢಿಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಪರದೇಶಗಳಿಂದ ಹವಾಯಿ ದ್ವೀಪಗಳಿಗೆ ಬಂದ ಗಿಟಾರನ್ನು ಅಲ್ಲಿನ ಜನ ತಮ್ಮ ಹಾಡಿಗೆ ಒಗ್ಗಿಸಿಕೊಂಡರು. 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬಾತನು ಇನ್ನೂ ಹುಡುಗನಾಗಿದ್ದಾಗಲೇ ಗಿಟಾರಿನ ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುವ ಕ್ರಮವನ್ನು ರೂಢಿಸಿದನೆಂದು ಹೇಳುತ್ತಾರೆ. 1904ರಲ್ಲಿ ಅವನು ದ್ವೀಪವನ್ನು ಬಿಟ್ಟು ಹೊರಟು, ಅಮೆರಿಕ ಮತ್ತು ಯೂರೋಪುಗಳಲ್ಲಿ ನುಡಿಸಿ, ಕಲಿಸಿ, 1932ರಲ್ಲಿ ತೀರಿಕೊಂಡನು. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ಎಡಗೈಯಿಂದ ಉಕ್ಕನ್ನು ಜಾರಿಸಿ, ಬಲಗೈಯಿಂದ ಮೀಟುವುದು ಇದರ ಕ್ರಮ. ನಮ್ಮ ಗೋಟುವಾದ್ಯವನ್ನು ಕಂಡವರಿಗೆ ಇದು ಹೊಸದಾಗಿ ತೋರದು. ಎರಡರಲ್ಲಿಯೂ ಸ್ವರಕ್ಕೆ ಗೊತ್ತುಮಾಡಿದ ಮೆಟ್ಟಿಲಿಲ್ಲ. ಸ್ವರಸ್ಥಾನವನ್ನು ಕಿವಿಯೇ ಹುಡುಕಬೇಕು.

ಕೀಬೋರ್ಡಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಹಾರ್ಮೋನಿಯಂ ಆಗಲಿ, ಪಿಯಾನೊ ಆಗಲಿ, ಆರ್ಗನ್ ಆಗಲಿ, ಪ್ರತಿಯೊಂದು ಸ್ವರಕ್ಕೂ ಒಂದೊಂದು ಮನೆ ಮೊದಲೇ ಸಿದ್ಧವಾಗಿರುತ್ತದೆ. ಹತ್ತು ಬೆರಳಿನಿಂದ ಹತ್ತು ಸ್ವರಗಳನ್ನು ಒಮ್ಮೆಗೇ ಹಿಡಿಯಬಹುದು. ನೂರಾರು ಜನ ಒಟ್ಟಾಗಿ ಹಾಡುವಾಗ ಅವರ ಕಾಲ್ಕೆಳಗಿನ ನೆಲ ಕುಸಿಯದಂತೆ ಹಿಡಿದು ನಿಲ್ಲಿಸುವ ಬಲ ಈ ವಾದ್ಯಕ್ಕುಂಟು. ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ನಡುದಾರಿ ಅದಕ್ಕಿಲ್ಲ. ಸ್ಟೀಲ್ ಗಿಟಾರಿಗೆ ಆ ನಡುದಾರಿಯೇ ಸರ್ವಸ್ವ. ಮನುಷ್ಯನ ಕೊರಳಿನಂತೆ ಅದು ಜಾರುತ್ತದೆ, ಕಂಪಿಸುತ್ತದೆ, ನಿಟ್ಟುಸಿರಿಡುತ್ತದೆ. ಆದರೆ ನೇರವಾದ ಉಕ್ಕಿನ ತುಂಡಿನಡಿಯಲ್ಲಿ ಎಲ್ಲ ತಂತಿಗಳೂ ಒಟ್ಟಿಗೆ ಚಲಿಸುವುದರಿಂದ, ಬೇಕೆಂದ ಸ್ವರಗಳ ಮೇಳವನ್ನೆಲ್ಲ ಕೂಡಿಸುವುದು ಅದಕ್ಕೆ ಕಷ್ಟ.

ಈ ಕೊರತೆಯನ್ನು ನೀಗಿಸುವುದಕ್ಕಾಗಿ ಅಮೆರಿಕದಲ್ಲಿ ಸ್ಟೀಲ್ ಗಿಟಾರಿಗೆ ಕಾಲಿನಿಂದ ತುಳಿಯುವ ಪೆಡಲುಗಳನ್ನು ಜೋಡಿಸಿದರು. ಪೆಡಲನ್ನು ತುಳಿದಾಗ ಆಯ್ದ ತಂತಿಯ ಶ್ರುತಿ ಮಾತ್ರ ಬದಲಾಗುತ್ತದೆ. ವೆಬ್ ಪಿಯರ್ಸ್ ಹಾಡಿ 1954ರಲ್ಲಿ ಜನಪ್ರಿಯವಾದ ಒಂದು ಗೀತೆಯಲ್ಲಿ ಬಡ್ ಐಸಾಕ್ಸ್ ಎಂಬ ವಾದಕನು ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲನ್ನು ತುಳಿದು ಸ್ವರವನ್ನು ಬಾಗಿಸಿದನು. ಅಂದಿನಿಂದ ಆ ದೇಶದ ಜನಪ್ರಿಯ ಸಂಗೀತದಲ್ಲಿ ಪೆಡಲ್ ಸ್ಟೀಲಿಗೆ ಸ್ಥಿರವಾದ ಸ್ಥಾನ ದೊರಕಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ವಿದ್ಯುತ್ ಆರ್ಗನ್ ಮುಂದೆ ಕುಳಿತ ವಾದಕರಲ್ಲಿ ಅನೇಕರು ಎಡಗಾಲಿನಿಂದ ಮಂದ್ರ ಸ್ವರಗಳ ಪೆಡಲುಗಳನ್ನು ತುಳಿಯುತ್ತಾ, ಬಲಗಾಲಿನಿಂದ ಧ್ವನಿಯನ್ನು ಏರಿಸಿ ಇಳಿಸುತ್ತಾರೆ. ಪೆಡಲ್ ಸ್ಟೀಲ್ ಮುಂದೆ ಕುಳಿತವನೂ ಸಾಮಾನ್ಯವಾಗಿ ಎಡಗಾಲಿನಿಂದ ಶ್ರುತಿಯ ಪೆಡಲುಗಳನ್ನು ತುಳಿದು, ಬಲಗಾಲನ್ನು ಧ್ವನಿಯ ಪೆಡಲಿನ ಮೇಲಿಟ್ಟಿರುತ್ತಾನೆ. ಎರಡೂ ವಾದ್ಯಗಳಲ್ಲಿ ಎರಡು ಕೈ, ಎರಡು ಕಾಲು ಒಂದೇ ಮನಸ್ಸಿನ ಆಜ್ಞೆಗೆ ಒಳಪಟ್ಟು ಬೇರೆ ಬೇರೆ ಕೆಲಸ ಮಾಡಬೇಕು. ಆದುದರಿಂದ ಒಂದನ್ನು ಸಾಧಿಸಿದವನಿಗೆ ಇನ್ನೊಂದು ತೀರ ಅಪರಿಚಿತವಲ್ಲ.

ಎರಡನ್ನೂ ನುಡಿಸಿದವರು ನಿಜವಾಗಿ ಇದ್ದಾರೆಯೇ ಎಂದು ಕೇಳಬಹುದು. ಇದ್ದಾರೆ. 1937ರಲ್ಲಿ ಹುಟ್ಟಿ 2010ರಲ್ಲಿ ನಿಧನರಾದ ಬೆನ್ ಕೀತ್ ಎಂಬ ಅಮೆರಿಕದ ವಾದಕರು ಗಾಯಕ ನೀಲ್ ಯಂಗ್ ಅವರೊಡನೆ ಬಹುಕಾಲ ನುಡಿಸಿದರು. 1972ರ ‘ಹಾರ್ವೆಸ್ಟ್’ ಎಂಬ ಧ್ವನಿಮುದ್ರಿಕೆಯಲ್ಲಿ ಅವರ ಪೆಡಲ್ ಸ್ಟೀಲ್ ಕೇಳಿಬರುತ್ತದೆ. 1974ರ ‘ಆನ್ ದ ಬೀಚ್’ನಲ್ಲಿ ವಿದ್ಯುತ್ ಪಿಯಾನೊ ಮತ್ತು ಆರ್ಗನ್ನುಗಳನ್ನೂ ಅವರೇ ನುಡಿಸಿದ್ದಾರೆ. ಇಂಗ್ಲೆಂಡಿನ ಡೇವಿಡ್ ಗಿಲ್ಮೋರ್ ಅವರೂ ತೊಡೆಯ ಮೇಲಿನ ಸ್ಟೀಲ್ ಗಿಟಾರ್ ಮತ್ತು ಕೀಬೋರ್ಡ್ ಎರಡನ್ನೂ ಬಳಸಿದವರು. ರಸ್ಟಿ ಯಂಗ್ ಎಂಬವರು (1946–2021) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆರ್ಗನ್ನಿಗೆಂದು ಮಾಡಿದ, ಒಳಗೆ ತಿರುಗುವ ಭಾಗಗಳುಳ್ಳ ಲೆಸ್ಲಿ ಸ್ಪೀಕರಿಗೆ ತಮ್ಮ ಪೆಡಲ್ ಸ್ಟೀಲನ್ನು ಜೋಡಿಸಿ, ಕೇಳಿದವರು ಆರ್ಗನ್ನೆಂದೇ ಭ್ರಮಿಸುವಂತೆ ನುಡಿಸಿದರು.

ಇವರೆಲ್ಲ ಲೌಕಿಕ ಸಂಗೀತದವರು. ದೇವಾರಾಧನೆಯಲ್ಲಿಯೂ ಈ ಎರಡು ವಾದ್ಯಗಳು ಸಂಧಿಸಿದ ಕಥೆಯಿದೆ. 1903ರಲ್ಲಿ ಮೇರಿ ಮಗ್ದಲೇನ ಟೇಟ್ ಎಂಬ ಕಪ್ಪು ಜನಾಂಗದ ಮಹಿಳೆ ಅಮೆರಿಕದಲ್ಲಿ ಸ್ಥಾಪಿಸಿದ ಒಂದು ಪೆಂಟೆಕೋಸ್ಟಲ್ ಪಂಗಡವುಂಟು. ಅದರ ಶಾಖೆಗಳಲ್ಲಿ 1930ರ ದಶಕದ ಕೊನೆಗೆ ಟ್ರೋಮನ್ ಈಸನ್ ಮತ್ತು ಅವರ ತಮ್ಮ ವಿಲ್ಲಿ ಈಸನ್ ಸ್ಟೀಲ್ ಗಿಟಾರನ್ನು ಆರಾಧನೆಗೆ ತಂದರು. ಬೇರೆ ದೇವಾಲಯಗಳಲ್ಲಿ ಆರ್ಗನ್ ಮಾಡುವ ಕೆಲಸವನ್ನು ಅಲ್ಲಿ ಸ್ಟೀಲ್ ಗಿಟಾರ್ ಮಾಡತೊಡಗಿತು. ಹಾಡನ್ನು ಎತ್ತಿಕೊಡುವುದು, ಪ್ರಬೋಧನೆಯ ಮಾತಿಗೆ ಸ್ವರದಲ್ಲಿ ಉತ್ತರಿಸುವುದು, ಪ್ರಾರ್ಥನೆಯ ಮೌನವನ್ನು ಮೆಲ್ಲನೆ ತುಂಬುವುದು ಅದರ ಪಾಲಿಗೆ ಬಂದವು. ತಂದೆಯಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಕ್ಕಳಿಗೆ ಸಾಗಿಬಂದ ಈ ಪರಂಪರೆಯನ್ನು ಹೊರಗಿನವರು ಹಲವು ದಶಕಗಳ ಕಾಲ ಅರಿಯದೆಯೇ ಇದ್ದರು. 1990ರ ದಶಕದಲ್ಲಿ ಅದು ಧ್ವನಿಮುದ್ರಿಕೆಗಳ ಮೂಲಕ ಲೋಕಕ್ಕೆ ತಿಳಿಯಿತು. ಆ ಪರಂಪರೆಯ ಚಕ್ ಕ್ಯಾಂಪ್‌ಬೆಲ್ ಅವರಿಗೆ 2004ರಲ್ಲಿ ಆ ದೇಶದ ರಾಷ್ಟ್ರೀಯ ಪರಂಪರಾ ಗೌರವ ಸಂದಿತು. ಅವರ ಆರಾಧನಾ ಕ್ರಮ ನಮ್ಮದಲ್ಲ. ಆದರೆ ಒಂದು ಪಾಠವನ್ನು ನಾವು ವಿನಯದಿಂದ ಕಲಿಯಬಹುದು: ಆ ಸಮುದಾಯಗಳು ಬೆಲೆಬಾಳುವ ವಾದ್ಯಕ್ಕಾಗಿ ಕಾಯುತ್ತ ಕುಳಿತುಕೊಳ್ಳಲಿಲ್ಲ. ದೊರೆತ ವಾದ್ಯಕ್ಕೆ ತಕ್ಕ ಮಕ್ಕಳನ್ನು ತಯಾರು ಮಾಡಿದವು.

ಇನ್ನು ನಮ್ಮ ದೇಶದ ಕಡೆ ನೋಡೋಣ. ಸ್ಥಿರ ಸ್ವರ ಮತ್ತು ಜಾರುವ ಸ್ವರ ಇವುಗಳ ವಾದ ಇಲ್ಲಿಯೂ ನಡೆಯಿತು. ಹಾರ್ಮೋನಿಯಂನಲ್ಲಿ ಗಮಕ, ಮೀಂಡುಗಳು ಬಾರವು ಎಂಬುದೇ ಮೊದಲಾದ ಆಕ್ಷೇಪಗಳಿಂದಾಗಿ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಅದಕ್ಕೆ ನಿಷೇಧವಿತ್ತು. ಅದೇ 1940ರ ದಶಕದಲ್ಲಿ ಟಾವ್ ಮೋ ಎಂಬ ಹವಾಯಿಯ ವಾದಕರು ಕುಟುಂಬಸಮೇತ ಕಲ್ಕತ್ತೆಯಲ್ಲಿ ನೆಲೆಸಿದ್ದರು. ಬಂಗಾಳದಲ್ಲಿ ಸ್ಟೀಲ್ ಗಿಟಾರ್ ಬೇರುಬಿಟ್ಟಿತು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅವರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಅವರು ನುಡಿಸಿದ ‘ಕಾಲ್ ಆಫ್ ದ ವ್ಯಾಲಿ’ 1967ರಲ್ಲಿ ಹೊರಬಂದು ಮನೆಮಾತಾಯಿತು. ಅದೇ ದಾರಿಯಲ್ಲಿ ಸಾಗಿದ ವಿಶ್ವಮೋಹನ ಭಟ್ಟರು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಇತ್ತ ದೋಷವುಳ್ಳದ್ದೆಂದು ಹೊರಗಿಡಲ್ಪಟ್ಟ ಹಾರ್ಮೋನಿಯಂ ಭಜನೆಯ ಮನೆಗಳಲ್ಲಿಯೂ ನಾಟಕದ ರಂಗಗಳಲ್ಲಿಯೂ ನಮ್ಮ ದೇವಾಲಯಗಳಲ್ಲಿಯೂ ಉಳಿಯಿತು. ಹಾಡುವವರನ್ನು ಹಿಡಿದು ನಡೆಸುವ ವಾದ್ಯ ಬೇಕೇಬೇಕಾಗಿತ್ತು. ಗಮಕವನ್ನು ಜನರ ಕೊರಳೇ ಸೇರಿಸಿಕೊಂಡಿತು.

ಹಾಗಾದರೆ ಧರ್ಮಸಭೆಯ ಬೋಧನೆ ಏನು? 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬದ ದಿನ, ಹತ್ತನೆಯ ಭಕ್ತಿನಾಥ ಪೋಪರು ಹೊರಡಿಸಿದ ಆಜ್ಞೆಯಲ್ಲಿ ದೇವಾಲಯದೊಳಗೆ ಪಿಯಾನೊವನ್ನೇ ನಿಷೇಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕೊಳವೆ ಆರ್ಗನ್ನನ್ನು ವಿಶೇಷವಾಗಿ ಗೌರವಿಸುತ್ತಲೇ, ಪವಿತ್ರ ಬಳಕೆಗೆ ತಕ್ಕವಾದ, ದೇವಾಲಯದ ಘನತೆಗೆ ಒಪ್ಪುವ, ಭಕ್ತರ ಆತ್ಮೋನ್ನತಿಗೆ ನೆರವಾಗುವ ಇತರ ವಾದ್ಯಗಳಿಗೂ ಅಧಿಕಾರಿಗಳ ಸಮ್ಮತಿಯೊಡನೆ ಬಾಗಿಲು ತೆರೆಯಿತು. ಅರುವತ್ತು ವರ್ಷಗಳಲ್ಲಿ ವಾದ್ಯಗಳ ವಿಷಯವಾದ ನಿಯಮ ಬದಲಾಯಿತು. ಬದಲಾಗದೆ ಉಳಿದದ್ದು ಯಾವುದು? 1958ರಲ್ಲಿ ಹೊರಟ ಆದೇಶವು ಗ್ರಾಮಫೋನ್, ಧ್ವನಿಸುರುಳಿ ಮೊದಲಾದ ತಾನಾಗಿಯೇ ನುಡಿಯುವ ಯಂತ್ರಗಳನ್ನು ಪೂಜಾವಿಧಿಗಳಿಂದ ಹೊರಗಿಟ್ಟಿತು. 1967ರ ‘ಮೂಸಿಕಾಂ ಸಾಕ್ರಂ’ ಎಂಬ ಆದೇಶವು, ವಾದಕರಿಗೆ ಕೈಚಳಕವೊಂದೇ ಸಾಲದು, ಅವರು ಪೂಜಾವಿಧಿಯ ಅಂತರಂಗವನ್ನೂ ಅರಿತಿರಬೇಕೆಂದು ಸಾರಿತು. ವಾದ್ಯದ ಧ್ವನಿ ಹಾಡುವವರ ಧ್ವನಿಯನ್ನು ಮುಳುಗಿಸಬಾರದೆಂದೂ, ಗುರುಗಳು ತಮ್ಮ ಪಾತ್ರಕ್ಕೆ ಸೇರಿದ ಭಾಗವನ್ನು ಗಟ್ಟಿಯಾಗಿ ನುಡಿಯುವಾಗ ವಾದ್ಯ ಮೌನವಾಗಿರಬೇಕೆಂದೂ ಅದರಲ್ಲಿ ಹೇಳಿದೆ. ಎಲ್ಲ ಆದೇಶಗಳ ಹಿಂದೆಯೂ ಇರುವುದು ಒಂದೇ ಅಪೇಕ್ಷೆ: ವಾದ್ಯದ ಹಿಂದೆ ಪ್ರಾರ್ಥಿಸುವ ಒಬ್ಬ ಮನುಷ್ಯನಿರಬೇಕು.

ಪ್ರಿಯ ಬಂಧುಗಳೇ, ಇಂದಿನ ಕೀಬೋರ್ಡಿನಲ್ಲಿ ಗುಂಡಿಯೊಂದನ್ನು ಒತ್ತಿದರೆ ತಾಳ ತಾನಾಗಿಯೇ ಬರುತ್ತದೆ. ಇನ್ನೊಂದನ್ನು ಒತ್ತಿದರೆ ಪಿಟೀಲುಗಳ ಮೇಳ, ಮತ್ತೊಂದನ್ನು ಒತ್ತಿದರೆ ಸ್ಟೀಲ್ ಗಿಟಾರಿನ ಧ್ವನಿಯೂ ಬರುತ್ತದೆ. ಅನುಕೂಲವೇನೋ ಹೌದು. ಆದರೆ ಆ ತಾಳ ಯಾರಿಗಾಗಿಯೂ ಕಾಯುವುದಿಲ್ಲ. ಮುಂದಿನ ಸಾಲಿನ ವೃದ್ಧೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಅದು ನಿಲ್ಲದು. ಪರಮಪ್ರಸಾದದ ಸಾಲು ಉದ್ದವಾಯಿತೆಂದು ಅದು ಹಾಡನ್ನು ಹಿಗ್ಗಿಸದು. ಜನ ಎರಡು ಬಾರಿ ಹಿಂದೆ ಬಿದ್ದರೆ ಮೂರನೆಯ ಬಾರಿ ಹಾಡುವುದನ್ನೇ ಬಿಡುತ್ತಾರೆ. ಭಕ್ತಜನರು ಹಾಡನ್ನು ಬಿಟ್ಟು ಕೇಳುಗರಾಗಿ ಕುಳಿತ ದೇವಾಲಯದಲ್ಲಿ ಎಷ್ಟೇ ಉತ್ತಮ ವಾದ್ಯವಿದ್ದರೂ ಮಹಾಸಭೆಯ ಆಶಯ ನೆರವೇರದು.

ಎರಡು ವಾದ್ಯಗಳನ್ನು ಬಲ್ಲವನ ವಿಶೇಷವಿರುವುದು ಇಲ್ಲಿಯೇ. ಸ್ಟೀಲ್ ಗಿಟಾರಿನಲ್ಲಿ ಪಳಗಿದ ಕಿವಿಯು ಕೂದಲೆಳೆಯ ಅಪಶ್ರುತಿಯನ್ನೂ ಗುರುತಿಸುತ್ತದೆ. ಹಾಡುವವನ ಸ್ವರ ಎತ್ತ ಬಾಗುತ್ತಿದೆ ಎಂಬುದನ್ನು ಮೊದಲೇ ಊಹಿಸುತ್ತದೆ. ಅಂಥವನು ಕೀಬೋರ್ಡಿನ ಮುಂದೆ ಕುಳಿತಾಗ, ಸ್ಥಿರವಾದ ಆ ಮನೆಗಳನ್ನು ಜನರ ಉಸಿರಿಗೆ ತಕ್ಕಂತೆ ನುಡಿಸುತ್ತಾನೆ. ಕೀಬೋರ್ಡಿನಲ್ಲಿ ಪಳಗಿದವನು ಸ್ಟೀಲ್ ಹಿಡಿದಾಗ, ತನ್ನ ಒಂದು ರಾಗದ ಹಿಂದೆ ಇರಬೇಕಾದ ಇಡೀ ಮೇಳವನ್ನು ನೆನಪಿನಲ್ಲಿಟ್ಟು ಅಳತೆಯಿಂದ ನುಡಿಸುತ್ತಾನೆ. ಒಂದು ವಾದ್ಯ ಅವನಿಗೆ ಸ್ಥೈರ್ಯವನ್ನು ಕಲಿಸುತ್ತದೆ. ಇನ್ನೊಂದು ಬಾಗುವುದನ್ನು ಕಲಿಸುತ್ತದೆ. ದೇವರ ಪ್ರಜೆಯನ್ನು ಹಾಡಿನಲ್ಲಿ ನಡೆಸುವವನಿಗೆ ಈ ಎರಡೂ ಗುಣಗಳು ಬೇಕು.

ಆದುದರಿಂದ ಧರ್ಮಕೇಂದ್ರದ ಹಿರಿಯರಲ್ಲಿ ನನ್ನ ಅರಿಕೆ ಇಷ್ಟು. ಶತಮಾನೋತ್ಸವದ ಕಾಣಿಕೆಯಲ್ಲಿ ವಾದ್ಯಕ್ಕೆಂದು ಒಂದು ಭಾಗ ತೆಗೆದಿಟ್ಟರೆ, ಕಲಿಸುವವರಿಗೂ ಕಲಿಯುವ ಮಕ್ಕಳಿಗೂ ಅದಕ್ಕಿಂತ ದೊಡ್ಡ ಭಾಗವನ್ನು ತೆಗೆದಿಡಿ. ಸಂಗೀತವನ್ನು ಕಲಿಸಲು ಶಿಕ್ಷಕರನ್ನು ಎಚ್ಚರಿಕೆಯಿಂದ ತರಬೇತುಗೊಳಿಸಬೇಕೆಂದು ಮಹಾಸಭೆಯೇ ವಿಧಿಸಿದೆ. ಕೀಬೋರ್ಡ್ ಕಲಿಯುವ ಪ್ರತಿಯೊಬ್ಬ ಬಾಲಕ ಬಾಲಕಿಯೂ ಪಿಟೀಲೋ, ಸ್ಟೀಲ್ ಗಿಟಾರೋ, ಕೊನೆಗೆ ಹಾಡುಗಾರಿಕೆಯೋ, ಸ್ವರವನ್ನು ತಾನೇ ಹುಡುಕಬೇಕಾದ ಇನ್ನೊಂದು ವಿದ್ಯೆಯನ್ನೂ ಕಲಿಯಲಿ. ತಾನಾಗಿ ನುಡಿಯುವ ತಾಳದ ಗುಂಡಿಯನ್ನು ಪೂಜೆಯ ಕಾಲದಲ್ಲಿ ಮುಟ್ಟದಿರೋಣ. ಅಮೆರಿಕದ ವಾದಕರ ಸಂಘದ ಒಪ್ಪಂದಗಳಲ್ಲಿ ಎರಡನೆಯ ವಾದ್ಯವನ್ನು ನುಡಿಸಿದವನಿಗೆ ಹೆಚ್ಚಿನ ಸಂಭಾವನೆ ಕೊಡುವ ನಿಯಮವುಂಟು. ಭಾನುವಾರ ಎರಡು ಪೂಜೆಗಳಿಗೂ, ಮದುವೆಗೂ, ಮರಣಕ್ಕೂ ತಪ್ಪದೆ ಬಂದು ನುಡಿಸುವ ನಮ್ಮ ವಾದಕರಿಗೆ ಅಷ್ಟಿಲ್ಲದಿದ್ದರೂ ನ್ಯಾಯವಾದ ಗೌರವಧನವನ್ನಾದರೂ ಸಲ್ಲಿಸುವುದು ನಮ್ಮ ಕರ್ತವ್ಯ.

ವಾದ್ಯಗಳು ಸವೆಯುತ್ತವೆ, ಹತ್ತಿಪ್ಪತ್ತು ವರ್ಷಗಳಲ್ಲಿ ಮೂಲೆ ಸೇರುತ್ತವೆ. ಕಲಿತ ಮಗುವಾದರೋ ತಾನು ಮುದುಕನಾಗುವ ತನಕ ನುಡಿಸಿ, ಇನ್ನಿಬ್ಬರಿಗೆ ಕಲಿಸಿ ಹೋಗುತ್ತದೆ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ದೇವಾಲಯಕ್ಕೆ ಅಂಥ ಮಕ್ಕಳನ್ನು ಸರ್ವೇಶ್ವರನು ಅನುಗ್ರಹಿಸಲಿ. ಸಂತ ಸಿಸಿಲಿಯಳು ನಮ್ಮ ಗಾನವೃಂದಕ್ಕಾಗಿ ಪ್ರಾರ್ಥಿಸಲಿ.