ಇಟ್ಟರೆ ಸಾಲದು, ಕಾಯಬೇಕು



ಮದ್ದೂರು ಎಂದ ಕೂಡಲೇ ಹೊರಗಿನವರಿಗೆ ಮಂಡ್ಯ ಜಿಲ್ಲೆಯ ಊರೂ ಅದರ ವಡೆಯೂ ನೆನಪಾಗುತ್ತವೆ. ನಾವು ಸೇರಿರುವುದು ಕಾಡಂಚಿನ ಮದ್ದೂರಿನಲ್ಲಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡು ಹೊಗುವ ಕಡೆ. ಮನೆಯಲ್ಲಿ ಇಟ್ಟುಕೊಳ್ಳುವ ಸಂಗ್ರಹ ಸರ್ವರ್‌ನ ಸುರಕ್ಷತೆಯ ಬಗ್ಗೆ ವಿಚಾರಗೋಷ್ಠಿ ಮಾಡಲು ಈ ಊರೇ ಯಾಕೆ ಎಂದು ಕೆಲವರು ಕೇಳಿದರು. ಕಾವಲು ಎಂದರೇನು ಎಂಬುದನ್ನು ಯಾರೂ ಹೇಳಿಕೊಡದೆ ಬಲ್ಲ ಊರು ಇದು, ಅದಕ್ಕೇ ಇಲ್ಲಿ ಎಂದೆ.

ಈ ಸೀಮೆಯ ಕಾಡಂಚಿನ ರೈತರಿಗೆ ಆನೆ ಕಂದಕ ಗೊತ್ತು. ತೋಡಿದ ವರ್ಷ ಅದು ಆಳವಾಗಿರುತ್ತದೆ, ಅಂಚು ಕಡಿದಾಗಿರುತ್ತದೆ. ಎರಡು ಮಳೆಗಾಲ ಕಳೆದರೆ ದಡ ಕುಸಿದು ಹೂಳು ತುಂಬುತ್ತದೆ. ಹೂಳು ತುಂಬಿದ ಜಾಗವನ್ನು ಆನೆ ಹುಡುಕಿಕೊಂಡು ಬರುತ್ತದೆ. ಇಡೀ ಕಂದಕ ಮುಚ್ಚಬೇಕಿಲ್ಲ, ಒಂದು ಕಡೆ ದಾರಿಯಾದರೆ ಸಾಕು. ಕಂದಕ ತೋಡಿಸಿದ್ದೇವೆ ಎಂಬ ಮಾತಿಗೆ ಆ ರಾತ್ರಿ ಯಾವ ಬೆಲೆಯೂ ಇರುವುದಿಲ್ಲ. ಹೂಳೆತ್ತಿದ್ದೀರಾ ಎಂಬುದಷ್ಟೇ ಪ್ರಶ್ನೆ. ಈ ಎರಡು ದಿನಗಳ ಗೋಷ್ಠಿಯ ಆಶಯವೂ ಆ ಪ್ರಶ್ನೆಯಲ್ಲೇ ಇದೆ: ಇಡುವುದು ಬೇರೆ, ಕಾಯುವುದು ಬೇರೆ. ನಾವು ಇಡುವುದನ್ನು ಕಲಿತಿದ್ದೇವೆ, ಕಾಯುವುದನ್ನು ಇನ್ನೂ ಕಲಿಯಬೇಕಿದೆ.

ಮನೆಯ ಈ ಸಂಗ್ರಹ ಸರ್ವರ್, ಅಂದರೆ ನಾವು ನಾಸ್ ಎಂದು ಕರೆಯುವುದು, ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಹಿಡಿಯುವ ಪುಟ್ಟ ಪೆಟ್ಟಿಗೆ. ರೂಟರ್‌ಗೆ ತಂತಿ ಸಿಕ್ಕಿಸಿದರೆ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪ್‌ಗಳಿಗೂ ಅದೇ ಕಪಾಟು. ಕಪಾಟು ಎಂದೇ ನಾವು ಅದನ್ನು ಕೊಳ್ಳುತ್ತೇವೆ. ಅಟ್ಟದ ಮೇಲೋ ಟಿ.ವಿ.ಯ ಹಿಂದೋ ಇಟ್ಟು ಮರೆಯುತ್ತೇವೆ. ಆದರೆ ಅದರೊಳಗೆ ಇರುವುದು ಹಗಲಿರುಳು ಓಡುವ ಕಂಪ್ಯೂಟರು. ಬಹುಪಾಲು ಪೆಟ್ಟಿಗೆಗಳಲ್ಲಿ ಲಿನಕ್ಸ್ ಇರುತ್ತದೆ, ಅದರ ಮೇಲೆ ತಯಾರಕರ ತಂತ್ರಾಂಶ, ಅದರ ಮೇಲೆ ನಾವು ಹಾಕಿಕೊಂಡ ಆ್ಯಪ್‌ಗಳು. ಈ ಮೂರು ಪದರಗಳಲ್ಲೂ ಕಾಲ ಕಳೆದಂತೆ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ.

ನಮ್ಮ ತಾಲ್ಲೂಕಿನಲ್ಲಿ ಇಂಥ ಪೆಟ್ಟಿಗೆಗಳ ಒಳಗೆ ಏನಿದೆ? ಫೋಟೊ ಸ್ಟುಡಿಯೊದವರ ಬಳಿ ಹಳ್ಳಿಹಳ್ಳಿಗಳ ಮದುವೆ, ನಾಮಕರಣ, ತಿಥಿಗಳ ಚಿತ್ರಗಳಿವೆ. ಜಾನಪದ ಸಂಗ್ರಾಹಕರ ಬಳಿ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರ, ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರ ದನಿಯಿದೆ. ಕಾಡಿನ ಸಂಶೋಧಕರ ಬಳಿ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕ ಹುಲಿ, ಚಿರತೆಗಳ ಚಿತ್ರಗಳಿವೆ, ಚಿತ್ರದ ಜೊತೆಗೆ ಅವು ಓಡಾಡುವ ಜಾಗ, ಹೊತ್ತುಗಳೂ ಇವೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಂಥ ಹಕ್ಕಿಗೆ ದಾಖಲೆಯೂ ಒಂದು ಆಧಾರ. ಹಾಡಿಯ ಜನ ಕೊಟ್ಟ ಕಾಗದಗಳ ಸ್ಕ್ಯಾನ್ ಪ್ರತಿ ಯಾರದೋ ಮನೆಯ ಡಿಸ್ಕಿನಲ್ಲಿದ್ದರೆ, ಆ ಡಿಸ್ಕು ಆ ಮನೆಯವರೊಬ್ಬರ ಆಸ್ತಿಯಾಗಿ ಉಳಿಯುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಹಲವು ವರ್ಷಗಳ ಹಿಂದೆ ಹಿರಿಯ ನೀಲಗಾರರೊಬ್ಬರು ನನಗಾಗಿ ಮೂರು ರಾತ್ರಿ ಹಾಡಿದರು. ಆ ರೆಕಾರ್ಡಿಂಗನ್ನು ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಇಟ್ಟೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ದಾಖಲಾಗುತ್ತದೆ, ಆದ್ದರಿಂದ ನನ್ನ ಬಳಿ ಎರಡು ಪ್ರತಿ ಇವೆ ಎಂದು ನಂಬಿದ್ದೆ. ಒಂದು ಏಪ್ರಿಲ್ ಸಂಜೆ ಗುಡುಗು ಮಳೆಯಲ್ಲಿ ಸಿಡಿಲು ಹೊಡೆಯಿತು. ಪೆಟ್ಟಿಗೆಯೂ ಎರಡೂ ಡಿಸ್ಕುಗಳೂ ಒಟ್ಟಿಗೆ ಸುಟ್ಟವು. ಅಷ್ಟರಲ್ಲಿ ಹಾಡಿದವರು ತೀರಿಹೋಗಿದ್ದರು. ಅವರ ಮಗ ಬಂದು, ಅಪ್ಪನ ದನಿ ನಿಮ್ಮ ಹತ್ರ ಅದೆಯಂತಲ್ಲ, ಕೊಡಿ ಎಂದಾಗ ನಾನು ಇಲ್ಲ ಎನ್ನಬೇಕಾಯಿತು.

ರೇಡ್ ಎಂಬ ಆ ವ್ಯವಸ್ಥೆಯ ಮೂಲ ಪ್ರಬಂಧವನ್ನು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಮಂಡಿಸಿದರು. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲಬಾರದು, ಅದಕ್ಕಾಗಿ ಹುಟ್ಟಿದ್ದು ಅದು. ಸಿಡಿಲಿಗೆ, ಕಳ್ಳತನಕ್ಕೆ, ತಪ್ಪಿ ಅಳಿಸಿದ್ದಕ್ಕೆ, ಕುತಂತ್ರಾಂಶಕ್ಕೆ ಅದರಲ್ಲಿ ಮದ್ದಿಲ್ಲ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ.

ನನ್ನ ಡಿಸ್ಕನ್ನು ಸಿಡಿಲು ತಿಂದಿತು. ಹೊರಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ನಷ್ಟಗಳಾಗಿರುವುದು ತೆರೆದಿಟ್ಟ ಬಾಗಿಲಿನಿಂದ, ಮಾಡದೆ ಬಿಟ್ಟ ಅಪ್‌ಡೇಟಿನಿಂದ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಪೆಟ್ಟಿಗೆ ಇಟ್ಟುಕೊಂಡಿದ್ದವರು ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕು ಖಾಲಿ. ಯಾರೋ ದೂರದಿಂದ ಪೆಟ್ಟಿಗೆಯನ್ನು ಹೊಸದರಂತೆ ಅಳಿಸಿಹಾಕಿದ್ದರು. ಆ ಮಾದರಿಗೆ ಕೊನೆಯ ಅಪ್‌ಡೇಟ್ ಬಂದಿದ್ದು 2015ರಲ್ಲಿ. ಆರು ವರ್ಷ ಅದು ಚೆನ್ನಾಗಿಯೇ ಓಡುತ್ತಿತ್ತು, ಆ ಆರು ವರ್ಷವೂ ಕಂದಕ ತುಂಬುತ್ತಿತ್ತು. 2022ರ ಜನವರಿಯಲ್ಲಿ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಿಗೆ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ ನುಗ್ಗಿ ಫೈಲುಗಳಿಗೆ ಬೀಗ ಹಾಕಿತು. ಲಾಗಿನ್ ಪುಟದ ಜಾಗದಲ್ಲಿ 0.03 ಬಿಟ್‌ಕಾಯಿನ್ ಕೊಟ್ಟರೆ ಮಾತ್ರ ಬೀಗದ ಕೀ ಎಂಬ ಬೆದರಿಕೆ ಕಾಣಿಸಿತು. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ತೆಗೆಯಿರಿ, ಕೂಡಲೇ ಅಪ್‌ಡೇಟ್ ಮಾಡಿ ಎಂದು ಕಂಪನಿ ಬೇಡಿಕೊಳ್ಳಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಡಿ-ಲಿಂಕ್‌ನ ಹಳೆಯ ಪೆಟ್ಟಿಗೆಗಳಲ್ಲಿ ಯಾರೂ ತೆಗೆಯಲಾರದಂತೆ ಒಳಗೇ ಬೆಸೆದಿದ್ದ ಖಾತೆಯೊಂದು ಬಯಲಾಯಿತು. ಅಂಥ 92,000ಕ್ಕೂ ಹೆಚ್ಚು ಪೆಟ್ಟಿಗೆಗಳು ಅಂತರ್ಜಾಲಕ್ಕೆ ತೆರೆದಿವೆ ಎಂದು ದೋಷ ಕಂಡುಹಿಡಿದವರು ಎಣಿಸಿದರು. ಅವುಗಳ ಕಾಲ ಮುಗಿದಿದೆ, ಅಪ್‌ಡೇಟ್ ಬರುವುದಿಲ್ಲ, ಬದಲಾಯಿಸಿ ಎಂದು ಕಂಪನಿ ಹೇಳಿತು.

ಅಪ್‌ಡೇಟ್ ಮಾಡದಿರಲು ನಮ್ಮ ಜನರಿಗೆ ಕಾರಣಗಳಿವೆ, ಅವನ್ನು ಸೋಮಾರಿತನ ಎಂದು ತಳ್ಳಿಹಾಕಬಾರದು. ನಡುವೆ ಕರೆಂಟ್ ಹೋದರೆ ಏನು ಗತಿ? ಎಲ್ಲ ಸೆಟ್ಟಿಂಗ್ ಕಳೆದುಹೋದರೆ ಯಾರನ್ನು ಕೇಳುವುದು? ಪರದೆಯ ಮೇಲೆ ಬರುವ ಇಂಗ್ಲಿಷ್ ಎಚ್ಚರಿಕೆ ಅರ್ಥವಾಗದೆ, ಆಮೇಲೆ ನೋಡೋಣ ಎಂದು ಗುಂಡಿ ಒತ್ತುವುದು ಸಹಜ. ಆದರೆ ಒಂದು ಸಂಗತಿ ತಿಳಿದಿರಲಿ. ತಯಾರಕರು ಅಪ್‌ಡೇಟ್ ಬಿಟ್ಟ ದಿನವೇ ದೋಷ ಎಲ್ಲಿತ್ತು ಎಂಬ ಗುಟ್ಟೂ ಹೊರಬೀಳುತ್ತದೆ. ಹಳೆಯ ತಂತ್ರಾಂಶವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ತೇಪೆ ಹಾಕಿದ್ದಾರೆಂದು ಕಳ್ಳನಿಗೂ ಗೊತ್ತಾಗುತ್ತದೆ. ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತನ್ನು ನಡುಗಿಸಿದ್ದು 2017ರ ಮೇ 12ರಂದು. ಅದು ನುಗ್ಗಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ನಡುವೆ 59 ದಿನ ಇದ್ದವು.

ಆದ್ದರಿಂದ ಅಪ್‌ಡೇಟಿಗೆ ಒಂದು ಕ್ರಮ ಇರಲಿ. ತಿಂಗಳಿಗೊಂದು ದಿನ ಗೊತ್ತುಮಾಡಿ. ತುರ್ತು ಸುರಕ್ಷಾ ಅಪ್‌ಡೇಟ್ ಬಂದರೆ ಆ ದಿನಕ್ಕೂ ಕಾಯಬೇಡಿ. ಪೆಟ್ಟಿಗೆ ಯುಪಿಎಸ್ ಮೇಲಿರಲಿ. ಮೊದಲು ಡಿಸ್ಕುಗಳ ಆರೋಗ್ಯ ನೋಡಿ. ಒಂದು ಡಿಸ್ಕು ಆಗಲೇ ಕೆಟ್ಟಿದ್ದರೆ ಅದನ್ನು ಸರಿಪಡಿಸದೆ ಮುಂದುವರಿಯಬೇಡಿ. ಸೆಟ್ಟಿಂಗ್‌ಗಳ ಪ್ರತಿಯನ್ನು ಬೇರೆ ಕಡೆ ಇಳಿಸಿಕೊಳ್ಳಿ. ಬ್ಯಾಕಪ್ ನಿಜಕ್ಕೂ ಆಗಿದೆಯೇ ನೋಡಿ. ಆಮೇಲೆ ತಯಾರಕರ ಅಧಿಕೃತ ತಾಣದಿಂದ ಮಾತ್ರ ಅಪ್‌ಡೇಟ್ ತೆಗೆದುಕೊಳ್ಳಿ. ಮುಗಿದ ಮೇಲೆ ಪೆಟ್ಟಿಗೆ ಮತ್ತೆ ಶುರುವಾಗುವವರೆಗೆ ಪಕ್ಕದಲ್ಲಿರಿ, ನಾಲ್ಕು ಫೈಲು ತೆರೆದು ನೋಡಿ. ನಿಮ್ಮ ಮಾದರಿಗೆ ಅಪ್‌ಡೇಟ್ ಬರುವುದು ಯಾವ ವರ್ಷಕ್ಕೆ ನಿಲ್ಲುತ್ತದೆ ಎಂದು ವಿಚಾರಿಸಿ, ಆ ವರ್ಷವನ್ನು ಪೆಟ್ಟಿಗೆಯ ಮೇಲೇ ಬರೆದಿಡಿ. ಆ ವರ್ಷ ಬಂದಾಗ ಹೊಸದು ಕೊಳ್ಳಲು ಹಣವಿಲ್ಲದಿದ್ದರೆ ಅದನ್ನು ಅಂತರ್ಜಾಲದಿಂದ ಕಿತ್ತು ಮನೆಯೊಳಗಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಇಲ್ಲವೇ ಒಂದು ಹಳೆಯ ಕಂಪ್ಯೂಟರಿಗೆ ಡೆಬಿಯನ್ ಮೇಲೆ ಕಟ್ಟಿರುವ ಓಪನ್‌ಮೀಡಿಯಾವಾಲ್ಟ್‌ನಂಥ ಮುಕ್ತ ತಂತ್ರಾಂಶ ಹಾಕಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇನ್ನು ಬಾಗಿಲು. ಇಲ್ಲಿಯ ಮದ್ದೂರು ಚೆಕ್‌ಪೋಸ್ಟ್ ನೋಡಿ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಗೇಟು ಮುಚ್ಚಿರುತ್ತದೆ. ಆಂಬುಲೆನ್ಸ್ ಬಂದರೆ ತೆರೆಯುತ್ತದೆ. ರಸ್ತೆ ಇದೆ ಎಂದ ಮಾತ್ರಕ್ಕೆ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ದಾರಿ ಇಲ್ಲ; ಯಾರು, ಯಾಕೆ ಎಂದು ಗೇಟಿನಲ್ಲಿ ಕೇಳುತ್ತಾರೆ. ನಮ್ಮ ಮನೆಯ ರೂಟರ್‌ನಲ್ಲಿ ಆ ಗೇಟು ಎಷ್ಟೋ ಸಲ ತೆರೆದೇ ಇರುತ್ತದೆ. ಬೆಂಗಳೂರಿನಲ್ಲಿರುವ ಮಗಳು ಫೋಟೊ ನೋಡಲಿ ಎಂದು ಪೋರ್ಟ್ ತೆರೆಯುತ್ತೇವೆ, ಆ ಪೋರ್ಟು ಇಡೀ ಜಗತ್ತಿಗೂ ತೆರೆದಿರುತ್ತದೆ. ಯುಪಿಎನ್‌ಪಿ ಎಂಬ ಸೌಲಭ್ಯ ಚಾಲೂ ಇದ್ದರೆ ಪೆಟ್ಟಿಗೆಯೇ ನಮ್ಮನ್ನು ಕೇಳದೆ ಗೇಟು ತೆರೆದುಕೊಳ್ಳಬಲ್ಲದು. ಎರಡನ್ನೂ ನಿಲ್ಲಿಸಿ. ದೂರದಿಂದ ನೋಡಲೇಬೇಕೆಂದರೆ ವಿಪಿಎನ್ ಹಾಕಿ. 2020ರಲ್ಲಿ ಲಿನಕ್ಸ್ ಕರ್ನೆಲ್ ಒಳಗೇ ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್ ಸರಳವಾಗಿದೆ, ಗಟ್ಟಿಯಾಗಿದೆ. ಅಡ್ಮಿನ್ ಎಂಬ ಹುಟ್ಟುಹೆಸರಿನ ಖಾತೆಯನ್ನು ಮುಚ್ಚಿ, ನಿಮ್ಮದೇ ಹೆಸರಿನ ಖಾತೆ ಮಾಡಿ, ಎರಡನೇ ಹಂತದ ದೃಢೀಕರಣ ಹಾಕಿ. ವನ್ನಾಕ್ರೈಗೆ ದಾರಿ ಕೊಟ್ಟ, ಫೈಲು ಹಂಚಿಕೊಳ್ಳಲು ಬಳಸುವ ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯನ್ನು ನಿಲ್ಲಿಸಿ. ಮಕ್ಕಳ ಫೋನಿಗೆ ಚಿತ್ರ ನೋಡುವ ಅನುಮತಿ ಸಾಕು, ಅಳಿಸುವ ಅನುಮತಿ ಬೇಡ.

ಮೂರನೆಯದು ಪ್ರತಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಎಂಬ ಲೆಕ್ಕವನ್ನು ಇಲ್ಲಿರುವ ಸ್ಟುಡಿಯೊದವರು ಕೇಳಿರಬಹುದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ: ಒಂದು ಪ್ರತಿಗಾದರೂ ತಂತಿ ಸಿಕ್ಕಿಸಿರಬಾರದು. ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಟ್ಟ ಡಿಸ್ಕನ್ನು ಯಾವ ರಾನ್ಸಮ್‌ವೇರೂ ಮುಟ್ಟಲಾರದು, ಸಿಡಿಲೂ ಮುಟ್ಟಲಾರದು.

ಪ್ರತಿಗಳ ಬೆಲೆ ಕನ್ನಡದ ಓದುಗರಿಗೆ ಅನುಭವಕ್ಕೆ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಎಷ್ಟೋ ಹಳೆಯ ಕನ್ನಡ ಪುಸ್ತಕಗಳಿದ್ದವು. ಆ ತಾಣ ನಿಂತುಹೋಯಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪ್ರತಿಗಳಿದ್ದದ್ದರಿಂದ ಆ ಪುಸ್ತಕಗಳನ್ನು ಇವತ್ತೂ ಓದುತ್ತಿದ್ದೇವೆ. 2024ರ ಅಕ್ಟೋಬರ್‌ನಲ್ಲಿ ಆ ಆರ್ಕೈವ್ ಮೇಲೂ ದಾಳಿಯಾಯಿತು, 3.1 ಕೋಟಿ ಬಳಕೆದಾರರ ವಿವರ ಸೋರಿತು, ಕೆಲವು ದಿನ ಅದು ತೆರೆಯಲೇ ಇಲ್ಲ. ದೊಡ್ಡವರ ಮನೆಯಲ್ಲಿದೆ, ನಮಗೇನು ಚಿಂತೆ ಎನ್ನುವಂತಿಲ್ಲ.

ಮಾಹಿತಿ ಕಳೆದುಹೋಗುವುದು ಒಂದು ನಷ್ಟವಾದರೆ ಸೋರಿಹೋಗುವುದು ಇನ್ನೊಂದು. 2013ರಲ್ಲಿ ಮಧ್ಯಪ್ರದೇಶದ ಪನ್ನಾದ ಹುಲಿಯೊಂದಕ್ಕೆ ಜಿಪಿಎಸ್ ಪಟ್ಟಿ ಹಾಕಿದ್ದರು. ಅದು ಇರುವ ಜಾಗದ ವಿವರ ಬರುತ್ತಿದ್ದ ವಿಜ್ಞಾನಿಯ ಇಮೇಲ್ ಖಾತೆಗೆ ನುಗ್ಗಲು ಯಾರೋ ಯತ್ನಿಸಿದರು. ಆ ಯತ್ನ ಫಲಿಸಲಿಲ್ಲ. ಬಂಡೀಪುರದ ಮದ್ದೂರು ವಲಯದ ಮಗ್ಗುಲಲ್ಲಿ ಕುಳಿತು ಈ ಮಾತು ಹೇಳುವಾಗ ನನಗೆ ಕಳವಳವಾಗುತ್ತದೆ. ಕಾಡಿನ ಗೇಟು ಮುಚ್ಚಿ, ಕಾಡಿನ ನಕ್ಷೆ ಇರುವ ಪೆಟ್ಟಿಗೆಯ ಗೇಟು ತೆರೆದಿಟ್ಟರೆ ನಾವು ಹುಲಿಯನ್ನು ಕಾದಂತಾಯಿತೇ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯೊಬ್ಬರು ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಸ್ಟುಡಿಯೊ, ಶಾಲೆ, ಟ್ರಸ್ಟುಗಳಿಗೆ ಆ ವಿನಾಯಿತಿ ಸಿಗುವುದಿಲ್ಲ. ಕಾನೂನು ಬಿಟ್ಟರೂ ನಂಬಿಕೆ ಬಿಡುವುದಿಲ್ಲ ಎಂಬುದನ್ನು ಮನೆಯವರೂ ನೆನಪಿಡಬೇಕು. ಹಾಡಿದವರು ದನಿಯನ್ನು, ಮದುವಣಗಿತ್ತಿ ತನ್ನ ಚಿತ್ರವನ್ನು, ಹಾಡಿಯ ಹಿರಿಯರು ಕಾಗದವನ್ನು ನಮ್ಮ ಕೈಗೆ ಕೊಟ್ಟದ್ದು ನಾವು ಕಾಯುತ್ತೇವೆ ಎಂದು. ದಾಳಿಯಾದರೆ ಮೊದಲು ತಂತಿ ಕೀಳಿ, ಏನನ್ನೂ ಅಳಿಸಬೇಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದೇಶದ ಸೈಬರ್ ತುರ್ತು ತಂಡವಾದ ಸಿಇಆರ್‌ಟಿ-ಇನ್‌ಗೆ ತಿಳಿಸಿ.

ಮುಂದಿನ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆ ಇಡುತ್ತೇನೆ. ಈ ಪೆಟ್ಟಿಗೆಗಳ ಎಚ್ಚರಿಕೆ, ಕೈಪಿಡಿಗಳನ್ನು ನಮ್ಮ ಜನಕ್ಕೆ ಅರ್ಥವಾಗುವ ಕನ್ನಡದಲ್ಲಿ ಬರೆಯುವವರು ಯಾರು? ಗುಂಡ್ಲುಪೇಟೆಯ ಸಂಗ್ರಹದ ಬೀಗ ಹಾಕಿದ ಪ್ರತಿಯನ್ನು ಚಾಮರಾಜನಗರದಲ್ಲಿ, ಅಲ್ಲಿಯದನ್ನು ಇಲ್ಲಿ ಇಟ್ಟುಕೊಳ್ಳುವ ಮುಯ್ಯಾಳಿನ ಏರ್ಪಾಡು ಕಟ್ಟಬಹುದೇ? ಸಂಗ್ರಹಿಸಿದವರು ನಾಳೆ ಇಲ್ಲವಾದರೆ ಅದರ ಪಾಸ್‌ವರ್ಡ್ ಯಾರ ಬಳಿ ಇರಬೇಕು? ಎರಡು ದಿನದಲ್ಲಿ ಪೂರ್ತಿ ಉತ್ತರ ಸಿಗದಿದ್ದರೂ ಕೆಲಸ ಹಂಚಿಕೊಂಡು ಏಳೋಣ.

ಇವತ್ತು ಮನೆಗೆ ಹೋದ ಮೇಲೆ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಬ್ಯಾಕಪ್‌ನಿಂದ ಒಂದು ಫೈಲನ್ನು ಹೊರತೆಗೆದು ತೆರೆದು ನೋಡಿ. ತೆರೆದರೆ ನೆಮ್ಮದಿಯಿಂದ ಮಲಗಿ. ತೆರೆಯದಿದ್ದರೆ ನಾಳೆ ಬೆಳಿಗ್ಗೆ ಇಲ್ಲಿಗೆ ಬನ್ನಿ, ಜೊತೆಗೆ ಕುಳಿತು ಸರಿಮಾಡೋಣ. ಯಾರದೋ ಮಗ ಮನೆ ಬಾಗಿಲಿಗೆ ಬಂದು ಅಪ್ಪನ ದನಿ ಕೇಳಿದ ದಿನ, ನಿಮ್ಮಲ್ಲಿ ಯಾರೂ ನನ್ನಂತೆ ಇಲ್ಲ ಎನ್ನುವ ಹಾಗಾಗಬಾರದು.