ಅಟ್ಟದ ಕತ್ತಿಗೆ ಎಷ್ಟು ವರ್ಷ?

ಪುತ್ತೂರು, ಸುಳ್ಯ, ಕಡಬ ಕಡೆಯ ಹಳೆಯ ಮನೆಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಹಂಚಿನ ಮಾಡು ತೆಗೆದು ತಾರಸಿ ಹಾಕಿಸುವಾಗ ಅಟ್ಟದ ಮೂಲೆಯಿಂದ ಏನೇನೋ ಹೊರಬರುತ್ತವೆ: ಕಳಸೆ, ಸೇರು, ತಾಳೆಗರಿಯ ಕಟ್ಟು, ಒಡೆದ ಕಂಚಿನ ದೀಪ. ಅಪರೂಪಕ್ಕೆ ಒಂದು ಕತ್ತಿ. ಹುಲ್ಲು ಕೊಯ್ಯುವ ಕತ್ತಿಯಲ್ಲ, ಸೊಪ್ಪು ಕಡಿಯುವ ಕತ್ತಿಯೂ ಅಲ್ಲ. ಅಗಲವಾದ ಅಲಗು, ದಪ್ಪ ಬೆನ್ನು, ಕೈಗೆ ಭಾರ.

ಮನೆಯ ಹಿರಿಯರು ಅದನ್ನು 'ಕಲ್ಯಾಣಪ್ಪನ ಕಾಟಕಾಯಿ'ಯ ಕಾಲದ್ದು ಎನ್ನುತ್ತಾರೆ. ನೆರೆಯವರು ಟಿಪ್ಪುವಿನವರೆಗೆ ಒಯ್ಯುತ್ತಾರೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ಅದೇ ಕತ್ತಿ ಆಸಿಡ್ಡಿನಲ್ಲಿ ಮಿಂದು, ಹೊಳೆಯುತ್ತಾ, ಪೇಟೆಯ ಯಾವುದೋ ಅಂಗಡಿಯ ಗಾಜಿನ ಹಿಂದೆ ಮುನ್ನೂರು ವರ್ಷದ ರಾಜಾಯುಧವಾಗಿ ಕುಳಿತರೂ ಆಶ್ಚರ್ಯವಿಲ್ಲ. ಈ ಮೂರು ಮಾತುಗಳಲ್ಲಿ ಯಾವುದು ನಿಜ? ಕತ್ತಿಯ ಮೇಲೆ ಇಸವಿ ಬರೆದಿರುವುದಿಲ್ಲ. ಊರಿನ ಆಚಾರಿ ಹೆಸರು ಕೆತ್ತುವವನಲ್ಲ. ಆದರೂ ವಯಸ್ಸು ತಿಳಿಯಲು ದಾರಿಗಳುಂಟು. ಒಂದು ದಾರಿ ಕಬ್ಬಿಣದಲ್ಲಿದೆ, ಇನ್ನೊಂದು ಹಿಡಿಯಲ್ಲಿದೆ. ಹೆಚ್ಚು ಉಪಯೋಗಕ್ಕೆ ಬರುವ ದಾರಿ ಮಾತ್ರ ಈ ಸೀಮೆಯ ಚರಿತ್ರೆಯಲ್ಲಿಯೇ ಇದೆ.

ಮೊದಲು ಆಕಾರ. ಸುಳ್ಯ ಇಂದು ದಕ್ಷಿಣ ಕನ್ನಡದ್ದು. ಆದರೆ 1834ರವರೆಗೆ ಅಮರ ಸುಳ್ಯ, ಪಂಜ, ಬೆಳ್ಳಾರೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. ಸಂಪಾಜೆ ಘಾಟಿ ಇಳಿದರೆ ಸುಳ್ಯ, ಬಿಸಿಲೆ ಘಾಟಿ ಇಳಿದರೆ ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯ. ಅರೆಭಾಷೆ ಆಡುವ ಗೌಡ ಮನೆತನಗಳು ಘಟ್ಟದ ಮೇಲೂ ಇವೆ, ಕೆಳಗೂ ಇವೆ. ಹೀಗಿರುವಾಗ ಕೆಳಗಿನ ಅಟ್ಟದಲ್ಲಿ ಕೊಡಗಿನ ಬಗೆಯ ಕತ್ತಿ ಸಿಕ್ಕರೆ ಅದು ಎಲ್ಲಿಂದಲೋ ಬಂದ ವಸ್ತುವೆಂದು ಬೆರಗಾಗಬೇಕಿಲ್ಲ.

ಕೊಡಗಿನ ಕತ್ತಿಗಳಲ್ಲಿ ಎರಡು ಹೆಸರುವಾಸಿ. ಒಂದು ಪೀಚೆಕತ್ತಿ: ಸೊಂಟದ ಚೇಲೆಗೆ ಮುಂಭಾಗದಲ್ಲಿ ಸಿಕ್ಕಿಸುವ ಗಿಡ್ಡ ಕತ್ತಿ, ಬೆಳ್ಳಿಯ ಕಟ್ಟು ಹಾಕಿದ ಒರೆ, ಅದರಿಂದ ಇಳಿಬಿದ್ದ ಸರಪಳಿ. ಇನ್ನೊಂದು ಒಡಿಕತ್ತಿ, ಆಯುಧ ಕತ್ತಿಯೆಂದೂ ಹೆಸರು. ಇದಕ್ಕೆ ಒರೆಯಿಲ್ಲ. ಬೆನ್ನ ಹಿಂದೆ ನಡುಪಟ್ಟಿಗೆ ಬಿಗಿದ ಹಿತ್ತಾಳೆಯ ಕೊಂಡಿಯಲ್ಲಿ ಬರಿ ಅಲಗನ್ನೇ ಸಿಕ್ಕಿಸಿಕೊಳ್ಳುತ್ತಿದ್ದರು. ಅಲಗು ಹಿಡಿಯ ಬಳಿ ಸಪೂರ, ತುದಿಗೆ ಹೋದಂತೆ ಅಗಲ, ಮುಂದಕ್ಕೆ ಬಾಗಿದ್ದು. ಬಾಯಿ ಇರುವುದು ಒಳಬಾಗಿನಲ್ಲಿ. ಕೈಗೆ ಅಡ್ಡ ಕಾಪು ಇಲ್ಲ. ಹಿಡಿಯ ತುದಿ ಬೀಸಣಿಗೆಯಂತೆ ಅಗಲವಾಗಿ ಹರಡಿರುತ್ತದೆ. ಬೀಸುವಾಗ ಕೈಜಾರದಿರಲು ಈ ಏರ್ಪಾಟು. ಮರದ ಕೊಂಬೆ ಸವರುವ ಕತ್ತಿಯೇ ಯುದ್ಧಕ್ಕೆ ಹೊರಟು ಈ ರೂಪ ತಾಳಿದಂತೆ ಕಾಣುತ್ತದೆ. ಪಕ್ಕದ ಮಲಬಾರಿನ ಮಾಪಿಳ್ಳೆ ಕತ್ತಿಯೂ ಅಗಲವಾದದ್ದೇ, ಆದರೆ ಅದಕ್ಕೆ ಈ ಬಾಗು ಇಲ್ಲ. ಇನ್ನು ದೈವಸ್ಥಾನದ ಕಡ್ಸಲೆ ಬೇರೆಯೇ ಜಾತಿ. ಅದು ದೈವದ ಕೈಯಲ್ಲಿ ಆಡಿಸಲೆಂದೇ ಇರುವ ಖಡ್ಗ. ಇವುಗಳನ್ನು ಒಂದೇ ರಾಶಿಗೆ ಹಾಕಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಒಡಿಕತ್ತಿಯ ಆಕಾರಕ್ಕೆ ತಾರೀಕು ಹಾಕಿದ ಚಿತ್ರವೊಂದಿದೆ. ಅದರ ಹಿಂದೆ ಸುಳ್ಯದ ಕತೆಯೇ ಇದೆ. 1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಧಾನ್ಯದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಗದಾಗಿ ಕೊಡಬೇಕೆಂದಾಯಿತು. ರೈತನ ಹೊಟ್ಟೆಗೆ ಬಿದ್ದ ಪೆಟ್ಟು ಇದು. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ಸುಳ್ಯದಲ್ಲಿ ದಂಡು ಕೂಡಿತು. ಪುಟ್ಟಬಸಪ್ಪನೆಂಬಾತನನ್ನು ಅರಸು ಮನೆತನದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡರು. ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮೂಲಕ ಏಪ್ರಿಲ್ 5ಕ್ಕೆ ಮಂಗಳೂರು ಸೇರಿದರು. ಎರಡು ವಾರ ತುಂಬುವುದರೊಳಗೆ ಕಂಪನಿಯ ಪಡೆ ಬಂತು, ದಂಡು ಚದುರಿತು. ಮುಖಂಡರಲ್ಲಿ ಕೆಲವರು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಲಾಯಿತು.

ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನು ಹೊಯ್ಯಿಸಿ ಕೊಟ್ಟಿತು. ಒಂದು ಮುಖದಲ್ಲಿ ಕತ್ತಿ ಎತ್ತಿ ನಿಂತ ಕೊಡಗಿನ ಯೋಧ, ಸುತ್ತಲೂ ಕನ್ನಡ ಬರಹ. ಮತ್ತೊಂದು ಮುಖದಲ್ಲಿ ಕತ್ತಿ ಮತ್ತು ಅದರ ಪಟ್ಟಿ, ಇಂಗ್ಲಿಷಿನಲ್ಲಿ ನಿಷ್ಠೆಯ ಹೊಗಳಿಕೆ, '1837ರ ಏಪ್ರಿಲ್' ಎಂಬ ಕಾಲ. ಆ ಕಾಲದಲ್ಲಿ ಕೊಡಗಿನವನನ್ನು ಗುರುತಿಸಲು ಈ ಕತ್ತಿಯೇ ಸಾಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ವಿಪರ್ಯಾಸವೆಂದರೆ, ಸುಳ್ಯದವರ ಕೈಯಲ್ಲೂ ಇದ್ದಿರಬಹುದಾದ ಕತ್ತಿ ಅವರನ್ನು ಸೋಲಿಸಿದ ನೆನಪಿನ ಪದಕದ ಮೇಲೆ ಕುಳಿತಿತು. ಹಾಗಾಗಿ ಆಕಾರವೊಂದನ್ನೇ ಹಿಡಿದು 'ಇದು ಹೋರಾಟಗಾರನ ಕತ್ತಿ' ಎಂದು ಹೇಳಲು ಬಾರದು. ಘಟ್ಟದ ಎರಡೂ ಕಡೆ, ಎರಡೂ ಪಕ್ಷದಲ್ಲಿ ಅದೇ ಆಕಾರ ಓಡಾಡಿದೆ.

ಆಕಾರ ಇಷ್ಟು ಹೇಳಿ ಸುಮ್ಮನಾಗುತ್ತದೆ. ಕೊಡಗಿನ ಮದುವೆಗಳಲ್ಲಿ ಬಾಳೆದಿಂಡು ಕಡಿಯುವ ಶಾಸ್ತ್ರಕ್ಕೆ ಒಡಿಕತ್ತಿ ಇಂದಿಗೂ ಬೇಕು. ಬೇಕಾದ್ದರಿಂದ ಇಂದಿಗೂ ತಯಾರಾಗುತ್ತದೆ, ಅದೇ ಬಾಗಿನಲ್ಲಿ, ಅದೇ ಹಿಡಿಯಲ್ಲಿ. 1837ರ ಕತ್ತಿಯನ್ನೂ 1987ರ ಕತ್ತಿಯನ್ನೂ ಪಕ್ಕಪಕ್ಕ ಇಟ್ಟರೆ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇಲ್ಲಿಂದ ಮುಂದೆ ಕಬ್ಬಿಣವನ್ನೇ ಕೇಳಬೇಕು.

ಹಿಂದಿನ ಕಬ್ಬಿಣ ಇದ್ದಿಲಿನ ಕುಲುಮೆಯಲ್ಲಿ ಅದಿರನ್ನು ಕಾಯಿಸಿ, ಮುದ್ದೆ ಮಾಡಿ, ಬಡಿದು ಬಡಿದು ತೆಗೆದದ್ದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಬುಕಾನನ್ ಮೈಸೂರು ಸೀಮೆಯ ಇಂಥ ಕುಲುಮೆಗಳನ್ನು ಸವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಎಷ್ಟೇ ಬಡಿದರೂ ಕಿಟ್ಟ ಪೂರ್ತಿ ಹೋಗುವುದಿಲ್ಲ. ಅಲಗಿನ ಉದ್ದಕ್ಕೂ ಎಳೆಎಳೆಯಾಗಿ ಉಳಿಯುತ್ತದೆ. ತುಕ್ಕು ಹಿಡಿದಾಗ ಈ ಎಳೆಗಳು ಹಳೆಯ ಮರದ ನಾರಿನಂತೆ ಮೇಲೆದ್ದು ಕಾಣುತ್ತವೆ. ಆಚಾರಿ ಉಕ್ಕನ್ನು ಇಡೀ ಅಲಗಿಗೆ ಸುರಿಯುತ್ತಿರಲಿಲ್ಲ, ಅದು ದುಬಾರಿ. ಮೆತ್ತನೆಯ ಕಬ್ಬಿಣದ ಮೈ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ, ಎರಡಕ್ಕೂ ಕುಲುಮೆಯ ಬೆಸುಗೆ. ಆ ಬೆಸುಗೆಯ ಗೆರೆ ಬಾಯಿಯಿಂದ ಸ್ವಲ್ಪ ಮೇಲೆ ಮಸುಕಾಗಿ ಹರಿದಿರುತ್ತದೆ. ಎರಡು ಬದಿಯ ದಪ್ಪ ಒಂದೇ ಸಮ ಇರುವುದಿಲ್ಲ. ಬೆರಳಾಡಿಸಿದರೆ ಸುತ್ತಿಗೆಯ ಏಟಿನ ತಗ್ಗು ಸಿಗುತ್ತದೆ.

ಕಾರ್ಖಾನೆಯ ಉಕ್ಕಿನಲ್ಲಿ ಈ ನಾರು ಇಲ್ಲ. ಬೆಸೆಮರನ ವಿಧಾನ ಬಂದದ್ದು 1856ರಲ್ಲಿ. ಅಗ್ಗದ ಉಕ್ಕು ಹಡಗೇರಿ ಭಾರತಕ್ಕೆ ಬರತೊಡಗಿದ್ದು ಅದರ ನಂತರದ ದಶಕಗಳಲ್ಲಿ. ಮಂಗಳೂರಿಗೆ ರೈಲು ತಲುಪಿದ್ದು 1907ರಲ್ಲಿ, ಜಮ್‌ಶೆಡ್‌ಪುರದಲ್ಲಿ ಟಾಟಾ ಉಕ್ಕು ಹೊರಬಂದದ್ದು 1912ರಲ್ಲಿ. ಇನ್ನೊಂದು ಸುಲಭದ ಗುರುತಿದೆ. ಇಂದಿನ ಆಚಾರಿಗಳಿಗೆ ಅಚ್ಚುಮೆಚ್ಚಿನ ಸರಕು ಲಾರಿ, ಬಸ್ಸುಗಳ ಸ್ಪ್ರಿಂಗ್ ಪ್ಲೇಟು. ಒಂದೇ ಸಮನಾದ ದಪ್ಪ, ಎಲ್ಲೂ ಬೆಸುಗೆಯಿಲ್ಲ, ಬೆನ್ನು ರೂಲುದೊಣ್ಣೆ ಇಟ್ಟಂತೆ. ಮಂಗಳೂರಿನಲ್ಲಿ ಸಿ.ಪಿ.ಸಿ. ಬಸ್ಸು ಕಂಪನಿ ಶುರುವಾದದ್ದು 1914ರಲ್ಲಿ. ಸವೆದ ಪ್ಲೇಟು ಸುಳ್ಯದ ಕುಲುಮೆಗೆ ಬರಬೇಕಾದರೆ ಬಸ್ಸು ಮೊದಲು ಓಡಬೇಕು ತಾನೇ? ಪ್ಲೇಟಿನ ಕತ್ತಿಗೆ ಕಲ್ಯಾಣಪ್ಪನ ಹೆಸರು ಹೇಳಿದರೆ ಕಲ್ಯಾಣಪ್ಪನೇ ನಕ್ಕಾನು.

ತುಕ್ಕನ್ನು ಮಾತ್ರ ನಂಬಬಾರದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ತೋಟದ ಬದುವಿನಲ್ಲಿ ಮರೆತ ಕತ್ತಿ ಎರಡು ಮಳೆಗಾಲದಲ್ಲಿ ಇನ್ನೂರು ವರ್ಷದ ಮುದುಕನಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ, ಮಸಿ ಕುಡಿದು ಮಲಗಿದ ಕತ್ತಿ ಶತಮಾನ ಕಳೆದರೂ ಗಟ್ಟಿಯಾಗಿರುತ್ತದೆ. ವರ್ಷ ವರ್ಷ ಆಯುಧಪೂಜೆಗೋ ಕೈಲ್‌ಪೊಳ್ದಿಗೋ ಉಜ್ಜಿ ಬೆಳಗಿದ ಕತ್ತಿಯಂತೂ ಎಂದಿಗೂ ಹೊಸತೇ. ವ್ಯಾಪಾರಿಗಳು ಉಪ್ಪುನೀರು, ಗೊಬ್ಬರದ ಗುಂಡಿಗಳಲ್ಲಿ ಹೂತು ತುಕ್ಕು ಬೆಳೆಸುವುದೂ ಉಂಟು.

ವಿಜ್ಞಾನಿಗಳ ಇಂಗಾಲದ ಪರೀಕ್ಷೆ ಮಾಡಿಸಿದರಾಗದೇ ಎಂದು ಕೇಳಬಹುದು. ಕಬ್ಬಿಣದೊಳಗೆ ಇದ್ದಿಲಿನ ಇಂಗಾಲ ಸೇರಿರುವುದರಿಂದ ಪರೀಕ್ಷೆ ಸಾಧ್ಯವೇನೋ ಹೌದು. ಆದರೆ 1650ರ ಈಚೆಗಿನ ವಸ್ತುಗಳಿಗೆ ಈ ವಿಧಾನ ಸರಿಯಾದ ಇಸವಿ ಕೊಡುವುದಿಲ್ಲ. 1700 ಎಂದೂ ಹೇಳುತ್ತದೆ, 1900 ಎಂದೂ ಹೇಳುತ್ತದೆ. ಕಲ್ಲಿದ್ದಲಿನಿಂದ ಕಾಸಿದ ಕಾರ್ಖಾನೆಯ ಉಕ್ಕಾದರೆ ಕೋಟ್ಯಂತರ ವರ್ಷದ ಹಿಂದಿನ ಕಾಡಿನ ಇಂಗಾಲ ಅದರೊಳಗಿರುತ್ತದೆ. ಬಸ್ಸಿನ ಪ್ಲೇಟಿನಿಂದ ಮಾಡಿದ ಕತ್ತಿ ಶಿಲಾಯುಗದ್ದೆಂದು ಉತ್ತರ ಬಂದೀತು.

ಇನ್ನು ಹಿಡಿ. ಅಲಗು ಮತ್ತು ಹಿಡಿಗೆ ಒಂದೇ ವಯಸ್ಸು ಇರಬೇಕೆಂಬ ನಿಯಮವಿಲ್ಲ. ಮರದ ಹಿಡಿ ಒಡೆಯುತ್ತದೆ, ಗೆದ್ದಲು ತಿನ್ನುತ್ತದೆ. ಮಗ ಬೇರೆ ಹಿಡಿ ಹಾಕಿಸುತ್ತಾನೆ, ಮೊಮ್ಮಗ ಅದಕ್ಕೆ ಬೆಳ್ಳಿ ಕಟ್ಟಿಸುತ್ತಾನೆ. ಹಿಂದೆ ಅಲಗಿನ ಬಾಲವನ್ನು ಕಾಯಿಸಿ ಅರಗು ತುಂಬಿ ಹಿಡಿಯೊಳಗೆ ಕೂರಿಸುತ್ತಿದ್ದರು. ಕಪ್ಪಗೆ ಒಣಗಿದ ಅರಗು ಬಿರುಕಿನಲ್ಲಿ ಕಂಡರೆ ಒಳ್ಳೆಯ ಲಕ್ಷಣ. ಪಾರದರ್ಶಕ ಅಂಟು ಕಂಡರೆ ಅದು ನಮ್ಮ ಕಾಲದ್ದು. ತಿರುಪಿನ ಮೊಳೆ, ಯಂತ್ರದ ಗೀರು, ಎಲ್ಲ ಕಡೆಯೂ ಒಂದೇ ದಪ್ಪದ ಬೆಳ್ಳಿಯ ತಗಡು ಇವೆಲ್ಲ ಈಚಿನವು. ಹಿಡಿ ದಂತದ್ದಾದರೆ ಬೇರೆ ತೊಡಕಿದೆ: ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ನಂತರ ದಂತದ ವ್ಯಾಪಾರ ಭಾರತದಲ್ಲಿ ಅಪರಾಧ. ಅಲಗಿನ ಮೇಲೋ ಹಿಡಿಯ ಬುಡದಲ್ಲೋ ಕನ್ನಡದ ಅಕ್ಷರ, ಕನ್ನಡದ ಅಂಕಿ ಇದ್ದರೆ ಅದನ್ನು ಉಜ್ಜದೆ ಹಾಗೆಯೇ ಬಿಡಬೇಕು. ಅದು ಯಾವುದಾದರೂ ಆಯುಧಶಾಲೆಯ ಲೆಕ್ಕದ ಗುರುತಾಗಿರುವ ಸಾಧ್ಯತೆಯುಂಟು.

ಎಲ್ಲಕ್ಕಿಂತ ಕುತೂಹಲದ ಸುಳಿವು ಸಿಗುವುದು ಕಾನೂನಿನ ಪುಸ್ತಕದಲ್ಲಿ. ದಕ್ಷಿಣಕ್ಕೆ ಮಲಬಾರಿನಲ್ಲಿ 1854ರಲ್ಲೇ ಯುದ್ಧಗತ್ತಿಗಳನ್ನು ನಿಷೇಧಿಸುವ ಕಾಯ್ದೆ ಬಂತು. ಕಲೆಕ್ಟರ್ ಕಾನಲಿ ಕೆಲವೇ ತಿಂಗಳಲ್ಲಿ 7,500ಕ್ಕೂ ಹೆಚ್ಚು ಕತ್ತಿಗಳನ್ನು ಒಪ್ಪಿಸಿಕೊಂಡ. 1857ರ ದಂಗೆಯ ಬಳಿಕ, 1860ರಲ್ಲಿ, ಇಡೀ ದೇಶಕ್ಕೆ ಆಯುಧ ಕಾಯ್ದೆ. ಆದರೆ ಪೂರ್ವಕ್ಕೆ ಕೊಡಗಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿಯ ಬೇರು ಇಂದಿಗೂ ಉಳಿದಿದೆ. ಸುಳ್ಯ, ಪುತ್ತೂರುಗಳು 1834ರಿಂದ ಮದ್ರಾಸು ಪ್ರಾಂತದ ಕೆನರಾದಲ್ಲಿದ್ದವು. ಈ ವಿನಾಯಿತಿ ಘಟ್ಟ ಇಳಿಯಲಿಲ್ಲ. ಒಂದೇ ಆಚಾರಿಯ ಕುಲುಮೆಯಲ್ಲಿ ಹುಟ್ಟಿದ ಎರಡು ಕತ್ತಿಗಳಲ್ಲಿ ಸಂಪಾಜೆಯ ಮೇಲಿನದು ಗೋಡೆಯ ಮೇಲೆ ರಾಜಾರೋಷವಾಗಿ ತೂಗಾಡಿತು, ಕೆಳಗಿನದು ಒಂದೋ ಗದ್ದೆಗಿಳಿದು ಸೊಪ್ಪುಗತ್ತಿಯಾಯಿತು, ಅಲ್ಲವಾದರೆ ದೈವದ ಗುಡಿ ಸೇರಿತು, ಅದೂ ಅಲ್ಲವಾದರೆ ಅಟ್ಟ. ಇದು ಊಹೆಯೇ, ಆದರೆ ಕಣ್ಣಮುಂದಿನ ವಸ್ತುಗಳಿಗೆ ಹೊಂದುವ ಊಹೆ. 1861ರ ನಂತರ ಘಟ್ಟದ ಕೆಳಗೆ ಹೊಸದಾಗಿ ಯುದ್ಧಗತ್ತಿ ಮಾಡಿಸುವ ಅಗತ್ಯವೂ ಧೈರ್ಯವೂ ಕಡಿಮೆಯಾದವು. ನಾರೆದ್ದ ಕಬ್ಬಿಣ, ಬೆಸುಗೆಯ ಬಾಯಿ, ಯುದ್ಧದ ಆಕಾರ, ತಲೆತಲಾಂತರದಿಂದ ಸುಳ್ಯದ ಒಂದೇ ಮನೆ: ಈ ನಾಲ್ಕೂ ಕೂಡಿದ ಕತ್ತಿಯನ್ನು 1860ಕ್ಕೆ ಹಿಂದಿನದೆಂದು ಹೇಳಲು ಸಾಕಷ್ಟು ಆಧಾರ ಇದೆ. ಹಿರಿಯರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರವಾಗುತ್ತದೆ.

1837ರಲ್ಲಿ ಎದ್ದುನಿಂತವರು ತಮ್ಮ ಕತೆಯನ್ನು ತಾವೇ ಬರೆದಿಟ್ಟದ್ದು ಬಹಳ ಕಡಿಮೆ. ಹೆಚ್ಚಿನದು ಗೆದ್ದವರ ಪತ್ರಗಳಲ್ಲಿ, ಉಳಿದದ್ದು ಜನರ ಬಾಯಲ್ಲಿ. ಅವರ ಪದಕಗಳು ಸಂಗ್ರಹಾಲಯಗಳಲ್ಲಿ ಭದ್ರವಾಗಿವೆ, ಇವರ ಕತ್ತಿಗಳು ಗುಜರಿಯಲ್ಲಿ ಕರಗುತ್ತಿವೆ. ಕತ್ತಿ ಯಾವ ಮನೆಯಲ್ಲಿ, ಯಾವ ಅಟ್ಟದಲ್ಲಿ ಸಿಕ್ಕಿತು ಎಂಬ ಎರಡು ಸಾಲು ಕಳೆದುಹೋದರೆ ಉಳಿಯುವುದು ಒಂದು ಕಿಲೋ ಕಬ್ಬಿಣ ಮಾತ್ರ. ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನ ಆಯುಧಗಳಿಗೆ ಎಗರ್ಟನ್ 1880ರಲ್ಲೇ ಪಟ್ಟಿ ಮಾಡಿ ಪುಸ್ತಕ ತಂದ. ಸುಳ್ಯದ ಅಟ್ಟಗಳಿಗೆ ಅಂಥ ಪಟ್ಟಿ ಇನ್ನೂ ಆಗಬೇಕಾಗಿದೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಆಸಿಡ್, ಹುಣಿಸೆಹಣ್ಣು, ಉಜ್ಜುಕಾಗದ ಮುಟ್ಟಿಸಬಾರದು. ಒಣಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಉದ್ದ, ಅಗಲ, ತೂಕ ಬರೆದಿಡಬೇಕು. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ, ಕಣ್ಣಿಗೆ ಕಂಡದ್ದನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಎರಡನ್ನೂ ಬೆರೆಸಿದರೆ ಮುಂದೆ ಬಿಡಿಸಲಾಗದು. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಹೋಲಿಸಿ ನೋಡಲು ಮಡಿಕೇರಿ ಕೋಟೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಕೊಡಗಿನ ಆಯುಧಗಳಿವೆ. ಊರಿನ ಕೃಷಿಗತ್ತಿಗಳಿಂದ ಬೇರ್ಪಡಿಸಿ ತಿಳಿಯಲು ಬಂಟ್ವಾಳದ ತುಳು ಬದುಕು ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. ಕೊನೆಗೆ ಕತ್ತಿಗೆ ಕಟ್ಟುವ ಚೀಟಿಯಲ್ಲಿ ಒಂದೇ ಇಸವಿ ಬರೆಯುವ ಆಸೆ ಬಿಟ್ಟು ಹೀಗೆ ಬರೆಯಬಹುದು: 'ಸುಳ್ಯ ಸೀಮೆ. ಅಲಗು 1860ಕ್ಕೆ ಹಿಂದಿನದು, ಹಿಡಿ ಆಮೇಲಿನದು. ಕಲ್ಯಾಣಪ್ಪನ ಕಾಟಕಾಯಿಯದೆಂದು ಮನೆಯವರ ಹೇಳಿಕೆ.'