ಹೊಸ ಸರ್ವರ್ ಬಂತು, ಹಳೆಯದನ್ನು ಆರಿಸಬೇಡಿ



ಅಂಗಡಿಯಿಂದ ಮಿಕ್ಸಿ ತಂದವರು ಅದರ ಮೋಟಾರಿಗೆ ಎಷ್ಟು ಸುತ್ತು ತಂತಿ ಸುತ್ತಿದ್ದಾರೆ ಎಂದು ಕೇಳುವುದಿಲ್ಲ. ಪ್ಲಗ್ ಹಾಕಿ ಗುಂಡಿ ತಿರುಗಿಸಿದರೆ ಚಟ್ನಿ ಆಗಬೇಕು, ಅಷ್ಟೇ. ಅಂತರಜಾಲದ ತಾಣಗಳನ್ನು ಇರಿಸುವ ಸರ್ವರ್ ಗಣಕವೂ ಇಷ್ಟೇ ಸುಲಭವಾಗಿದ್ದರೆ ಹೇಗೆ? ಈ ಯೋಚನೆಯನ್ನೇ ಬಂಡವಾಳ ಮಾಡಿಕೊಂಡು 1996ರಲ್ಲಿ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಕೋಬಾಲ್ಟ್ ಎಂಬ ಕಂಪನಿ. 1998ರಲ್ಲಿ ಅದು 'ರ್‍ಯಾಕ್' ಹೆಸರಿನ ಸರ್ವರನ್ನು ಮಾರುಕಟ್ಟೆಗೆ ತಂದಿತು. ಎತ್ತರ ಒಂದೂಮುಕ್ಕಾಲು ಅಂಗುಲ. ಮುಂಭಾಗದಲ್ಲಿ ಒಂದು ಪುಟ್ಟ ಪರದೆ, ಪಕ್ಕದಲ್ಲಿ ಕೆಲವು ಗುಂಡಿಗಳು. ಆ ಗುಂಡಿಗಳನ್ನು ಒತ್ತಿ ಸರ್ವರಿಗೆ ಜಾಲದ ವಿಳಾಸ ಕೊಟ್ಟರೆ, ಉಳಿದ ಕೆಲಸವನ್ನೆಲ್ಲ ಬ್ರೌಸರಿನಿಂದಲೇ ಮಾಡಬಹುದಿತ್ತು. ಹೊಸ ತಾಣ ಸೇರಿಸಬೇಕೇ? ಒಂದು ಗುಂಡಿ. ಗ್ರಾಹಕರಿಗೆ ಅಂಚೆಪೆಟ್ಟಿಗೆ ಬೇಕೇ? ಇನ್ನೊಂದು ಗುಂಡಿ. ಒಳಗೆ ಲಿನಕ್ಸ್ ಓಡುತ್ತಿದೆ ಎಂಬುದನ್ನು ಮಾಲೀಕರು ತಿಳಿದಿರಬೇಕಾದ ಅಗತ್ಯವೇ ಇರಲಿಲ್ಲ.

ಇಂಥ ಪೆಟ್ಟಿಗೆಯನ್ನು ನಮ್ಮ ಊರುಗಳ ವಠಾರಕ್ಕೆ ಹೋಲಿಸಬಹುದು. ಒಂದೇ ಬಾಗಿಲು, ಒಂದೇ ನಲ್ಲಿ, ಒಳಗೆ ಹತ್ತಾರು ಸಂಸಾರ. ಒಂದು ಮನೆಯಲ್ಲಿ ಪುಸ್ತಕದ ಅಂಗಡಿಯ ತಾಣ, ಪಕ್ಕದಲ್ಲಿ ಒಂದು ಶಾಲೆಯದು, ಅದರಾಚೆ ಒಬ್ಬ ವೈದ್ಯರದು. ಎಲ್ಲರ ಪುಟಗಳೂ ಎಲ್ಲರ ಪತ್ರಗಳೂ ಅಲ್ಲೇ. ವಠಾರದ ಮಾಲೀಕನ ಜಾಣ್ಮೆ ತಿಳಿಯುವುದು ಬಾಡಿಗೆ ವಸೂಲಿಯ ದಿನವಲ್ಲ. ಎಲ್ಲರನ್ನೂ ಹೊಸ ವಠಾರಕ್ಕೆ ಕರೆದೊಯ್ಯಬೇಕಾದ ದಿನ.

ಆ ದಿನ ಬೇಗನೆ ಬಂತು. ಮೊದಲ ಎರಡು ಮಾದರಿಗಳಲ್ಲಿದ್ದದ್ದು ಮಿಪ್ಸ್ ಬಗೆಯ ಸಂಸ್ಕಾರಕ. ಮೂರನೆಯ ಮಾದರಿಯಲ್ಲಿ ಎಎಂಡಿ ಕಂಪನಿಯ ಕೆ6-2 ಬಂತು. ಹೊರಗಿನಿಂದ ನೋಡಿದರೆ ಅದೇ ವಂಶದ ಪೆಟ್ಟಿಗೆ, ಅದೇ ಪುಟ್ಟ ಪರದೆ. ಆದರೆ ಒಂದು ಸಂಸ್ಕಾರಕದ ಭಾಷೆಗೆ ಇಳಿಸಿದ ತಂತ್ರಾಂಶ ಇನ್ನೊಂದರಲ್ಲಿ ಓಡುವುದಿಲ್ಲ. ಎರಡನೆಯ ಮಾದರಿಯಲ್ಲಿ ಮಾಲೀಕರು ತಾವೇ ಸೇರಿಸಿಕೊಂಡಿದ್ದ ತಂತ್ರಾಂಶಗಳು ಹೊಸದರಲ್ಲಿ ಸತ್ತ ಕಡತಗಳಾದವು. ಮೂಲ ಸಂಕೇತ ಕೈಯಲ್ಲಿದ್ದವರು ಮತ್ತೆ ಸಿದ್ಧಪಡಿಸಿಕೊಂಡರು. ಇಲ್ಲದವರು ಹುಡುಕಾಟಕ್ಕೆ ಇಳಿದರು. 2002ರಲ್ಲಿ ಬಂದ ರ್‍ಯಾಕ್ 550ರಲ್ಲಿ ಇಂಟೆಲ್ಲಿನ ಪೆಂಟಿಯಂ 3 ಇತ್ತು. ಲಿನಕ್ಸಿನ ತಿರುಳು 2.4ಕ್ಕೆ ಏರಿತ್ತು. ಆಡಳಿತದ ಪುಟಗಳ ಹಿಂದಿನ ಏರ್ಪಾಡನ್ನೂ ಹೊಸದಾಗಿ ಕಟ್ಟಲಾಗಿತ್ತು. ಅಂದರೆ 'ಮೇಲ್ದರ್ಜೆಗೆ ಏರಿಸುವುದು' ಎಂದು ಹೇಳುತ್ತಿದ್ದದ್ದು ನಿಜವಾಗಿ ಮನೆ ಬದಲಾಯಿಸುವುದೇ ಆಗಿತ್ತು.

ತಾಣಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಲು ವಲಸೆಯ ತಂತ್ರಾಂಶವೊಂದು ದೊರೆಯುತ್ತಿತ್ತು. ಆದರೆ ಇಂಥ ಸಾಧನಕ್ಕೆ ತಿಳಿದಿರುವುದು ತಯಾರಕರೇ ಕೊಟ್ಟ ಸಾಮಾನು ಮಾತ್ರ. ಬಾಡಿಗೆದಾರ ತಾನೇ ಹೊಡೆದ ಮೊಳೆ, ತಾನೇ ಎಳೆದ ತಂತಿ ಅದಕ್ಕೆ ಕಾಣುವುದಿಲ್ಲ. ಗೋಳು ಶುರುವಾಗುವುದು ಇಲ್ಲಿಂದಲೇ. ಕೆಲವನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಹೆಸರಿನ ತಂಟೆ. ಈ ಪೆಟ್ಟಿಗೆಗಳಲ್ಲಿ ಬಳಕೆದಾರರ ಹೆಸರು ಇಡೀ ಯಂತ್ರಕ್ಕೆ ಒಂದೇ ಇರಬೇಕು. ತಾಣ ಬೇರೆಯಾದರೂ ಇಬ್ಬರು 'ರವಿ'ಗಳಿಗೆ ಜಾಗವಿಲ್ಲ. ಎರಡು ಹಳೆಯ ಪೆಟ್ಟಿಗೆಗಳನ್ನು ಒಂದು ದೊಡ್ಡ ಹೊಸದಕ್ಕೆ ಸೇರಿಸಿ ಖರ್ಚು ಉಳಿಸೋಣ ಎಂದುಕೊಂಡರೆ, ಎರಡರಲ್ಲೂ ಒಬ್ಬ ರವಿ ಕಾದಿರುತ್ತಾನೆ. ಒಬ್ಬನ ಹೆಸರು ಬದಲಾಗಲೇಬೇಕು. ಬದಲಾಯಿಸಿದ ಮರುದಿನ ಆ ರವಿಗೆ ಅಂಚೆಪೆಟ್ಟಿಗೆ ತೆರೆಯುವುದಿಲ್ಲ. ತನ್ನ ಗುಪ್ತಪದ ತಪ್ಪೆಂದು ಗಣಕ ಹೇಳುತ್ತಿದೆ ಎಂದು ದೂರವಾಣಿ ಮಾಡುತ್ತಾನೆ.

ಎರಡನೆಯದು ಸಂಖ್ಯೆಯ ತಂಟೆ. ಲಿನಕ್ಸ್ ಕಡತದ ಒಡೆಯನನ್ನು ಗುರುತಿಡುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಹಳೆಯ ಪೆಟ್ಟಿಗೆಯಲ್ಲಿ 112 ಎಂದರೆ ಶಾಲೆಯ ಗುಮಾಸ್ತೆ; ಹೊಸದರಲ್ಲಿ ಅದೇ ಸಂಖ್ಯೆ ಪುಸ್ತಕದಂಗಡಿಯವರಿಗೆ ಹೋಗಿರಬಹುದು. ಕಡತಗಳನ್ನು ಸಂಖ್ಯೆಯ ಸಮೇತ ಹಾಗೆಯೇ ಸುರಿದರೆ ಶಾಲೆಯ ಕಡತಗಳಿಗೆ ಅಂಗಡಿಯವರು ಒಡೆಯರಾಗುತ್ತಾರೆ. ಗುಮಾಸ್ತೆಗೆ ತನ್ನ ಪುಟವನ್ನೇ ತಿದ್ದಲು ಅನುಮತಿ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು, ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಪುಟಗಳನ್ನು ಹೆಣೆಯುವ ಪಿಎಚ್‌ಪಿ ಭಾಷೆಯ ಹಳೆಯ ಆವೃತ್ತಿಗಳಲ್ಲಿ, ಓದುಗರು ಅರ್ಜಿಯಲ್ಲಿ ತುಂಬಿದ ಹೆಸರು, ವಿಳಾಸಗಳು ತಾವಾಗಿಯೇ ಕ್ರಮವಿಧಿಗೆ ಸಿಗುತ್ತಿದ್ದವು. ಇದರಿಂದ ಕಳ್ಳರಿಗೂ ದಾರಿಯಾಗುತ್ತದೆ ಎಂದು 2002ರಲ್ಲಿ ಬಂದ 4.2 ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಮೊದಲೇ ಮುಚ್ಚಿಟ್ಟರು. ನಿರ್ಧಾರ ಸರಿಯಾದದ್ದೇ. ಆದರೆ ಹಳೆಯ ಅರ್ಜಿಪುಟವನ್ನು ಹೊಸ ಸರ್ವರಿನಲ್ಲಿ ಇಟ್ಟಾಗ ಏನಾಯಿತು? ಪುಟ ಎಂದಿನಂತೆ ತೆರೆಯಿತು. ಗ್ರಾಹಕರು ತುಂಬಿದರು, ಕಳಿಸಿದರು. 'ಧನ್ಯವಾದ' ಎಂಬ ಉತ್ತರವೂ ಬಂತು. ಅಂಗಡಿಗೆ ತಲುಪಿದ ಪತ್ರ ಮಾತ್ರ ಖಾಲಿ. ಯಾರು ಕೇಳಿದರು, ಯಾವ ಪುಸ್ತಕ ಕೇಳಿದರು, ಏನೂ ಇಲ್ಲ. ಪುಟ ಒಡೆದು ಬಿದ್ದಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ನಗುನಗುತ್ತಾ ಖಾಲಿ ಪತ್ರ ಕಳಿಸುವ ಪುಟದಿಂದ ವಾರಗಟ್ಟಲೆ ವ್ಯಾಪಾರ ಹೋಗಬಹುದು.

ನಾಲ್ಕನೆಯದು ಕನ್ನಡಿಗರಾದ ನಮಗೇ ಮೀಸಲಾದ ಗೋಳು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಸಾಮಾನ್ಯರ ಗಣಕಗಳಿಗೆ ಅದು ಇಳಿದು ಬರಲು ಹತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು. ಅಲ್ಲಿಯವರೆಗೆ ನಮ್ಮ ತಾಣಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ, ನಿರ್ದಿಷ್ಟ ಅಕ್ಷರವಿನ್ಯಾಸದ ನೆರವಿನಿಂದ ಓದುವಂತೆ ಮಾಡಿದ್ದವು. ಇಂಥ ಪುಟಗಳು ಹಳೆಯ ಸರ್ವರಿನಲ್ಲಿ ಚೆನ್ನಾಗಿಯೇ ಇದ್ದವು. ಮುಂದೆ ಬಂದ ಹಲವು ಲಿನಕ್ಸ್ ಸರ್ವರುಗಳ ಸಿದ್ಧ ಸಂಯೋಜನೆಯಲ್ಲಿ, ಪ್ರತಿ ಪುಟವನ್ನೂ ಕಳಿಸುವ ಮೊದಲು 'ಇದು ಯೂಟಿಎಫ್-8' ಎಂದು ಸರ್ವರೇ ಸಾರುವ ಸಾಲೊಂದಿತ್ತು. ಪುಟದೊಳಗೆ ಬೇರೆ ಏನೇ ಬರೆದಿದ್ದರೂ ಬ್ರೌಸರ್ ನಂಬುವುದು ಸರ್ವರಿನ ಮಾತನ್ನೇ. ಫಲವಾಗಿ ಕನ್ನಡದ ಪುಟದಲ್ಲಿ ಅಕ್ಷರಗಳ ನಡುವೆ ಪ್ರಶ್ನಾರ್ಥಕ ಚಿಹ್ನೆಗಳೂ ಖಾಲಿ ಚೌಕಗಳೂ ಎದ್ದು ನಿಂತವು. ನೋಡಿದವರು ಲೇಖನಗಳೇ ಹಾಳಾದವೆಂದು ಗಾಬರಿಯಾಗುವುದು ಸಹಜ. ಕಡತಗಳಿಗೆ ಏನೂ ಆಗಿರುವುದಿಲ್ಲ. ಸಂಯೋಜನೆಯ ಕಡತದಲ್ಲಿ ಆ ಒಂದು ಸಾಲು ತೆಗೆದರೆ ಕನ್ನಡ ಮರಳಿ ಬರುತ್ತದೆ. ಸಾಲು ತೆಗೆಯಲು ಒಂದು ನಿಮಿಷ. ಯಾವ ಸಾಲು ಎಂದು ಕಂಡುಕೊಳ್ಳಲು ಒಂದು ವಾರ.

ಕೊನೆಯದು ವಿಳಾಸದ ಸಂಗತಿ. ತಾಣದ ಹೆಸರು ಯಾವ ಯಂತ್ರಕ್ಕೆ ಸೇರಿದ್ದು ಎಂಬ ಮಾಹಿತಿಯನ್ನು ಜಗತ್ತಿನ ಬೇರೆ ಬೇರೆ ಗಣಕಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎಂಬುದನ್ನು ಸೆಕೆಂಡುಗಳಲ್ಲಿ ನಾವೇ ಹೇಳಿರುತ್ತೇವೆ. 86,400 ಎಂದಿದ್ದರೆ ಪೂರ್ತಿ ಒಂದು ದಿನ. ಆದ್ದರಿಂದ ನೀವು ವಿಳಾಸ ಬದಲಾಯಿಸಿದ ಮೇಲೂ ಕೆಲವರ ಪತ್ರಗಳು ಹಳೆಯ ಬಾಗಿಲಿಗೇ ಬರುತ್ತವೆ. ಹೊಸದು ಓಡುತ್ತಿದೆಯಲ್ಲ ಎಂದು ಹಳೆಯದನ್ನು ಆರಿಸಿದರೆ, ಬಂದ ಪತ್ರಕ್ಕೆ ಬಾಗಿಲು ತೆರೆಯುವವರಿಲ್ಲ. ಹಳೆಯದನ್ನು ಅಳಿಸಿಯೂ ಬಿಟ್ಟರೆ, ಅಷ್ಟರಲ್ಲಿ ಅಲ್ಲಿ ಬಂದು ಕೂತಿದ್ದ ಪತ್ರಗಳು ಯಾರಿಗೂ ತಿಳಿಯದೆ ಮಾಯವಾಗುತ್ತವೆ. ನೌಕರಿಯ ಕರೆ ಇರಬಹುದು, ರೋಗಿಯೊಬ್ಬರ ವಿಚಾರಣೆ ಇರಬಹುದು.

ಹಾಗಾದರೆ ತಪ್ಪು ಯಾರದು? ಪೆಟ್ಟಿಗೆ ಮಾಡಿದವರದೇ ಎಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಆ ಸೌಕರ್ಯದಿಂದಲೇ ಎಷ್ಟೋ ಸಣ್ಣ ಸಂಸ್ಥೆಗಳು ತಜ್ಞರ ಹಂಗಿಲ್ಲದೆ ಅಂತರಜಾಲಕ್ಕೆ ಬಂದವು. ಆದರೆ ಸೌಕರ್ಯವೂ ಒಂದು ಬಗೆಯ ಸಾಲ. ಒಳಗಿನದನ್ನು ತಿಳಿಯುವ ಶ್ರಮವನ್ನು ಅದು ಮನ್ನಾ ಮಾಡುವುದಿಲ್ಲ, ಮುಂದಕ್ಕೆ ಹಾಕುತ್ತದೆ. ಮನೆ ಬದಲಾಯಿಸುವ ದಿನ ಬಡ್ಡಿ ಸಮೇತ ಕೇಳುತ್ತದೆ. ಅದೂ ಹೇಳಿ ಕೇಳಿ ಬರುವ ದಿನವಲ್ಲ. 2000ದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸುಮಾರು 200 ಕೋಟಿ ಡಾಲರ್ ಬೆಲೆಗೆ ಕೋಬಾಲ್ಟನ್ನು ಕೊಂಡುಕೊಂಡಿತು; ಕೆಲವೇ ವರ್ಷಗಳಲ್ಲಿ ಈ ಪೆಟ್ಟಿಗೆಗಳನ್ನು ಕೈಬಿಟ್ಟಿತು. ಸನ್ ಕಂಪನಿಯೇ 2010ರಲ್ಲಿ ಒರೇಕಲ್ ಪಾಲಾಯಿತು. ಆಡಳಿತ ತಂತ್ರಾಂಶದ ಮೂಲ ಸಂಕೇತವನ್ನು ಮುಕ್ತಗೊಳಿಸಿದ್ದರಿಂದ ಬ್ಲೂಕ್ವಾರ್ಟ್ಜ್, ಬ್ಲೂಆನಿಕ್ಸ್ ಎಂಬ ಹೆಸರುಗಳಲ್ಲಿ ಅದರ ಸಂತತಿ ಮುಂದುವರಿಯಿತು. ಪೆಟ್ಟಿಗೆಗಳು ಹೋದವು, ಗೋಳು ಹೋಗಲಿಲ್ಲ. 2024ರ ಜೂನ್ 30ರಂದು ಸೆಂಟ್‌ಓಎಸ್ 7ರ ಪೋಷಣೆ ನಿಂತಾಗ, ಅದರ ಮೇಲೆ ತಾಣಗಳನ್ನು ಇರಿಸಿದ್ದವರು ಇದೇ ವಲಸೆಯನ್ನು ಮತ್ತೊಮ್ಮೆ ಮಾಡಬೇಕಾಯಿತು.

ವಲಸೆ ತಪ್ಪದು ಎಂದ ಮೇಲೆ ನಾಲ್ಕು ಮಾತು ನೆನಪಿಡಿ. ಒಂದು, ಸರ್ವರಿಗೆ ನೀವು ಏನು ಸೇರಿಸಿದರೂ ಅಂದೇ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ತಂತ್ರಾಂಶ, ಯಾವ ಆವೃತ್ತಿ, ಯಾರಿಗಾಗಿ. ಎರಡು, ಮೊದಲು ಒಂದೇ ತಾಣವನ್ನು ಸಾಗಿಸಿ ನೋಡಿ; ಪುಟ ತೆರೆಯಿತೇ ಎಂದಷ್ಟೇ ಅಲ್ಲ, ಅರ್ಜಿ ತುಂಬಿ ಕಳಿಸಿ, ಬಂದ ಪತ್ರವನ್ನು ಬಿಡಿಸಿ ಓದಿ. ಮೂರು, ವಿಳಾಸ ನೆನಪಿಡುವ ಕಾಲವನ್ನು ಎರಡು ದಿನ ಮುಂಚೆಯೇ 300 ಸೆಕೆಂಡಿಗೆ ಇಳಿಸಿ. ನಾಲ್ಕು, ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮೇಲೂ ಹಳೆಯ ಮನೆಯ ಬೀಗದ ಕೈ ಕೊಟ್ಟುಬಿಡಬೇಡಿ. ಕಡೇ ಪಕ್ಷ ಎರಡು ವಾರ ಹಳೆಯ ಸರ್ವರ್ ಓಡುತ್ತಿರಲಿ. ದಿನಕ್ಕೊಮ್ಮೆ ಹೋಗಿ ಬಾಗಿಲಲ್ಲಿ ಪತ್ರ ಬಿದ್ದಿದೆಯೇ ನೋಡಿ.

ಮಿಕ್ಸಿ ಕೆಟ್ಟರೆ ಒಂದು ದಿನ ಒರಳುಕಲ್ಲಿನಲ್ಲಿ ರುಬ್ಬಬಹುದು. ಪರರು ನಂಬಿ ಕೊಟ್ಟ ಪತ್ರ ಕಳೆದರೆ ಅದನ್ನು ರುಬ್ಬಿ ತರುವ ಒರಳು ಎಲ್ಲಿಯೂ ಇಲ್ಲ. ಎಚ್ಚರವಿರಲಿ.